ರ‍್ಯಾಂಕ್ ನೋಡಿ ಮೋಸ ಹೋಗಬೇಡಿ: ಹಂಗೇರಿಯ ಪತ್ರಿಕಾ ಸ್ವಾತಂತ್ರ್ಯ ಅಳೆಯುವುದು ಹೀಗೆ

ಪ್ರತಿ ವರ್ಷ ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನವಾದ ಮೇ 3ರ ಹೊತ್ತಿಗೆ ಒಂದು ಸುದ್ದಿ ತಪ್ಪದೆ ಬರುತ್ತದೆ. ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ ಒಂದು ದೇಶ ಇಷ್ಟು ಸ್ಥಾನ ಮೇಲೆ ಹೋಯಿತು, ಇನ್ನೊಂದು ಇಷ್ಟು ಸ್ಥಾನ ಕೆಳಗೆ ಬಿತ್ತು. ಕೆಲವರು ಖುಷಿಪಡುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಆ ವರ್ಷ ಆ ದೇಶದಲ್ಲಿ ನಿಜವಾಗಿ ಆಗಿದ್ದೇನು ಅಂತ ಹುಡುಕುವವರು ಕಡಿಮೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ ಗ್ರಾಫ್ ಮಾಡುವ ಪತ್ರಕರ್ತರೂ ಇಲ್ಲಿ ಎಡವುವುದನ್ನು ನೋಡುತ್ತಲೇ ಇದ್ದೇನೆ. ಹಾಗಾಗಿ ಈ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಹಂಗೇರಿಯನ್ನು ಇಟ್ಟುಕೊಂಡು ಹೇಳುತ್ತೇನೆ.

ಹಂಗೇರಿಯೇ ಯಾಕೆ? ಅದು ಯುರೋಪಿಯನ್ ಒಕ್ಕೂಟದ ಸದಸ್ಯ ದೇಶ. ಅಲ್ಲಿ ಬರೆದಿದ್ದಕ್ಕೆ ಪತ್ರಕರ್ತರನ್ನು ಸಾಲಾಗಿ ಜೈಲಿಗೆ ಹಾಕಿಲ್ಲ. ಇಂಟರ್‌ನೆಟ್ ಬಂದ್ ಮಾಡಿಲ್ಲ. ಆದರೂ 2010ರ ನಂತರ ಅಲ್ಲಿನ ಮಾಧ್ಯಮ ಗುರುತೇ ಸಿಗದಷ್ಟು ಬದಲಾಗಿದೆ. ಅಳೆಯುವುದು ಕಷ್ಟವಾದ ದೇಶದಲ್ಲೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಹಂಗೇರಿಯಲ್ಲಿ ಸ್ವಾತಂತ್ರ್ಯ ಇದೆಯಾ?’ ಅನ್ನುವುದಕ್ಕೆ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ‘2010ಕ್ಕೆ ಹೋಲಿಸಿದರೆ, ಸರ್ಕಾರವನ್ನು ಪ್ರಶ್ನಿಸುವ ಸುದ್ದಿಸಂಸ್ಥೆ ನಡೆಸುವುದು 2024ರಲ್ಲಿ ಕಷ್ಟವಾಗಿತ್ತಾ?’ ಅನ್ನುವುದಕ್ಕೆ ಸಿಗುತ್ತದೆ. 2010 ಯಾಕೆಂದರೆ, ಆ ವರ್ಷ ವಿಕ್ಟರ್ ಒರ್ಬಾನ್ ಅವರ ಫಿಡೆಸ್ ಪಕ್ಷ ಮೂರನೇ ಎರಡು ಬಹುಮತದೊಂದಿಗೆ ಅಧಿಕಾರಕ್ಕೆ ಮರಳಿತು. ಅದೇ ವರ್ಷ ಹೊಸ ಮಾಧ್ಯಮ ಕಾನೂನು ಬಂತು. ಪರವಾನಗಿ ಕೊಡುವ ಮಾಧ್ಯಮ ಮಂಡಳಿಗೆ ಆಡಳಿತ ಪಕ್ಷವೇ ಆರಿಸಿದವರು ಒಂಬತ್ತು ವರ್ಷದ ಅವಧಿಗೆ ಬಂದು ಕೂತರು.

ಹಂತ 2: ಮೂರು ಪಟ್ಟಿ ಇಳಿಸಿಕೊಳ್ಳಿ

ಪ್ಯಾರಿಸ್‌ನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್, ಅಂದರೆ ಆರ್‌ಎಸ್‌ಎಫ್. ವಾಷಿಂಗ್ಟನ್‌ನ ಫ್ರೀಡಂ ಹೌಸ್. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್. ಮೊದಲನೆಯದು ಪತ್ರಿಕಾ ಸ್ವಾತಂತ್ರ್ಯಕ್ಕೆ, ಎರಡನೆಯದು ರಾಜಕೀಯ ಮತ್ತು ನಾಗರಿಕ ಹಕ್ಕುಗಳಿಗೆ, ಮೂರನೆಯದು ಪ್ರಜಾಪ್ರಭುತ್ವಕ್ಕೆ ದೇಶವಾರು ಅಂಕ ಕೊಡುತ್ತದೆ. ಮೂರೂ ಉಚಿತ. ಸೋಷಿಯಲ್ ಮೀಡಿಯಾದಲ್ಲಿ ಓಡಾಡುವ ಬಣ್ಣದ ಭೂಪಟಗಳನ್ನು ಮುಟ್ಟಲೇಬೇಡಿ. ಯಾವ ವರ್ಷದ, ಯಾವ ವಿಧಾನದ ಅಂಕ ಅಂತ ಅವುಗಳಲ್ಲಿ ಬರೆದಿರುವುದೇ ಅಪರೂಪ. ಎಐ ಚಾಟ್ ಕೇಳಿ ಅಂಕ ತುಂಬಿಸುವುದೂ ಬೇಡ. ಮೂಲ ಫೈಲ್ ಇಳಿಸಿಕೊಳ್ಳಲು ಹತ್ತು ನಿಮಿಷ ಸಾಕು.

ಹಂತ 3: ರ‍್ಯಾಂಕ್ ಬಿಡಿ, ಅಂಕ ಹಿಡಿಯಿರಿ

ಎಲ್ಲರೂ ಜಾರುವ ಜಾಗ ಇದು, ನಿಧಾನವಾಗಿ ಹೋಗೋಣ.

ಆರ್‌ಎಸ್‌ಎಫ್ ಪಟ್ಟಿಯಲ್ಲಿ ಹಂಗೇರಿ 2010ರಲ್ಲಿ 23ನೇ ಸ್ಥಾನದಲ್ಲಿತ್ತು. 2021ರಲ್ಲಿ 92. ಆಮೇಲೆ 2022ರಲ್ಲಿ 85, 2023ರಲ್ಲಿ 72, 2024ರಲ್ಲಿ 67. ಸುಮ್ನೆ ನೋಡಿದರೆ ಮೂರೇ ವರ್ಷದಲ್ಲಿ 25 ಸ್ಥಾನ ಮೇಲೆ ಬಂದಿದೆ. ಪರಿಸ್ಥಿತಿ ಸುಧಾರಿಸಿತು ಅಂತ ಬರೆಯುವುದು ಎಷ್ಟು ಸುಲಭ, ಅಲ್ವಾ?

ಈಗ ಅದೇ ಅವಧಿಯಲ್ಲಿ ನೆಲದ ಮೇಲೆ ಆಗಿದ್ದನ್ನು ನೋಡಿ. ಸರ್ಕಾರವನ್ನು ಟೀಕಿಸುತ್ತಿದ್ದ ಕ್ಲಬ್‌ರೇಡಿಯೋ 2021ರ ಫೆಬ್ರುವರಿ 14ರಂದು ತನ್ನ ಎಫ್‌ಎಂ ತರಂಗಾಂತರ ಕಳೆದುಕೊಂಡು ಇಂಟರ್‌ನೆಟ್‌ಗೆ ಸೀಮಿತವಾಯಿತು. 2021ರ ಜುಲೈನಲ್ಲಿ, ತನಿಖಾ ಸಂಸ್ಥೆ ಡಿರೆಕ್ಟ್36ರ ವರದಿಗಾರರ ಫೋನಿಗೆ ಪೆಗಾಸಸ್ ಗೂಢಚಾರಿ ತಂತ್ರಾಂಶ ಹೊಕ್ಕಿದ್ದು ಬಯಲಾಯಿತು. 2023ರ ಡಿಸೆಂಬರ್‌ನಲ್ಲಿ ವಿದೇಶಿ ಪ್ರಭಾವ ತಡೆಯುವ ಹೆಸರಿನಲ್ಲಿ ‘ಸಾರ್ವಭೌಮತ್ವ ರಕ್ಷಣೆ’ಯ ಕಾನೂನು ಬಂತು. ಅದರಡಿ ಹುಟ್ಟಿದ ಕಚೇರಿ 2024ರಲ್ಲಿ ಆಟ್ಲಾಟ್ಸೋ ಎಂಬ ತನಿಖಾ ಸುದ್ದಿತಾಣದ ಮೇಲೇ ವಿಚಾರಣೆ ಶುರುಮಾಡಿತು. ಇದರಲ್ಲಿ ಸುಧಾರಣೆ ಎಲ್ಲಿದೆ?

ಹಾಗಿದ್ದರೆ ರ‍್ಯಾಂಕ್ ಮೇಲೆ ಹೋಗಿದ್ದು ಹೇಗೆ? ಕಾರಣ ಎರಡು. ಮೊದಲನೆಯದು, 2022ರಲ್ಲಿ ಆರ್‌ಎಸ್‌ಎಫ್ ಅಳೆಯುವ ವಿಧಾನವನ್ನೇ ಬದಲಿಸಿತು. ರಾಜಕೀಯ, ಕಾನೂನು, ಆರ್ಥಿಕ, ಸಾಮಾಜಿಕ ಸ್ಥಿತಿ ಮತ್ತು ಪತ್ರಕರ್ತರ ಸುರಕ್ಷತೆ ಅಂತ ಐದು ಭಾಗ ಮಾಡಿ ಅಂಕ ಕೊಡತೊಡಗಿತು. ಅದಕ್ಕೂ ಮುಂಚೆ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಈಗ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿದರೆ ಆ ಗ್ರಾಫ್‌ಗೆ ಅರ್ಥವೇ ಇಲ್ಲ. ಎರಡನೆಯದು, ರ‍್ಯಾಂಕ್ ಅಂದರೆ 180 ದೇಶಗಳ ಸಾಲಿನಲ್ಲಿ ನಿಂತ ಜಾಗ. ಮುಂದಿದ್ದವರು ಬಿದ್ದರೆ ನಾವು ನಿಂತಲ್ಲೇ ನಿಂತರೂ ಮುಂದೆ ಬಂದಂತಾಗುತ್ತದೆ. 2023ರಿಂದ 2024ಕ್ಕೆ ಹಂಗೇರಿ ಐದು ಸ್ಥಾನ ಏರಿತು. ಅಂಕ ಮಾತ್ರ ಎರಡೂ ವರ್ಷ ನೂರಕ್ಕೆ 63ರ ಆಸುಪಾಸಿನಲ್ಲೇ ಇತ್ತು.

ಆದ್ದರಿಂದ ಎಕ್ಸೆಲ್ ಶೀಟಿನಲ್ಲಿ ರ‍್ಯಾಂಕಿಗೆ ಕಾಲಂ ಮಾಡಲೇಬೇಡಿ. ನಾಲ್ಕೇ ಕಾಲಂ ಸಾಕು: ವರದಿಯ ವರ್ಷ, ಘಟನೆ ನಡೆದ ವರ್ಷ, ಅಂಕ, ವಿಧಾನ. 2021 ಮತ್ತು 2022ರ ನಡುವೆ ದಪ್ಪ ಗೆರೆ ಎಳೆಯಿರಿ. ಗ್ರಾಫ್‌ನಲ್ಲೂ ಅಲ್ಲಿ ಗೆರೆ ತುಂಡಾಗಲಿ.

ಎರಡನೇ ಕಾಲಂ ಯಾಕೆ ಅಂತೀರಾ? ಫ್ರೀಡಂ ಹೌಸಿನ 2019ರ ವರದಿ ಹೇಳುವುದು 2018ರ ಕಥೆ. ಹಂಗೇರಿ ‘ಸ್ವತಂತ್ರ’ದಿಂದ ‘ಭಾಗಶಃ ಸ್ವತಂತ್ರ’ಕ್ಕೆ ಇಳಿದಿದ್ದು ಆ ವರದಿಯಲ್ಲೇ. ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವೊಂದಕ್ಕೆ ಹಾಗಾಗಿದ್ದು ಅದೇ ಮೊದಲು. ಅದಕ್ಕೆ ಕಾರಣ ಹುಡುಕುತ್ತಾ 2019ರ ಸುದ್ದಿಗಳನ್ನು ಜಾಲಾಡುವವರು ಬೇಕಾದಷ್ಟು ಜನ ಇದ್ದಾರೆ. ವಿ-ಡೆಮ್ ಕೂಡ ಹಾಗೇ: ಹಂಗೇರಿಯನ್ನು ‘ಚುನಾವಣಾ ನಿರಂಕುಶ’ ದೇಶ, ಅಂದರೆ ಚುನಾವಣೆ ನಡೆದರೂ ಅದು ಮುಕ್ತವೂ ನ್ಯಾಯಯುತವೂ ಅಲ್ಲದ ದೇಶ ಅಂತ ಕರೆದ 2020ರ ವರದಿ 2019ರ ಲೆಕ್ಕ.

ವಿ-ಡೆಮ್ ಬಳಸುವವರಿಗೆ ಇನ್ನೊಂದು ಮಾತು. ಹೊಸ ಆವೃತ್ತಿ ಬಂದಾಗಲೆಲ್ಲ ಹಳೇ ವರ್ಷಗಳ ಅಂಕವೂ ಸ್ವಲ್ಪ ಬದಲಾಗುತ್ತದೆ. ಪರಿಣತರ ಉತ್ತರಗಳನ್ನು ಮತ್ತೆ ಒಟ್ಟಿಗೆ ಲೆಕ್ಕ ಹಾಕುವುದರಿಂದ ಹೀಗಾಗುತ್ತದೆ. ಒಂದೇ ಆವೃತ್ತಿಯಿಂದ ಎಲ್ಲ ವರ್ಷಗಳನ್ನೂ ತೆಗೆದುಕೊಳ್ಳಿ. ಪ್ರತಿ ಅಂಕದ ಪಕ್ಕ ಕೆಳಮಿತಿ, ಮೇಲ್ಮಿತಿ ಕೊಟ್ಟಿರುತ್ತಾರೆ. ಎರಡು ವರ್ಷಗಳ ಮಿತಿಗಳು ಒಂದರ ಮೇಲೊಂದು ಬರುತ್ತಿದ್ದರೆ ‘ಕುಸಿಯಿತು’ ಅಂತ ಬರೆಯಬೇಡಿ.

ಹಂತ 4: ಒಟ್ಟು ಅಂಕವನ್ನು ಬಿಡಿಸಿ

ಫ್ರೀಡಂ ಹೌಸಿನ ನೂರು ಅಂಕದಲ್ಲಿ 40 ರಾಜಕೀಯ ಹಕ್ಕಿಗೆ, 60 ನಾಗರಿಕ ಸ್ವಾತಂತ್ರ್ಯಕ್ಕೆ. ಒಟ್ಟು 25 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4. ಮಾಧ್ಯಮ ಸ್ವತಂತ್ರವಾಗಿದೆಯೇ ಅನ್ನುವುದು ಅದರಲ್ಲಿ ಒಂದೇ ಪ್ರಶ್ನೆ. ಹಂಗೇರಿಯ ಒಟ್ಟು ಅಂಕ 2017ರ ವರದಿಯಲ್ಲಿ 76, 2019ರಲ್ಲಿ 70, 2025ರಲ್ಲಿ 65. ಈ ಇಳಿಕೆಯನ್ನೆಲ್ಲ ಪತ್ರಿಕೆಗಳ ಲೆಕ್ಕಕ್ಕೆ ಹಾಕಿದರೆ ತಪ್ಪು. ಸಂಘಸಂಸ್ಥೆ, ನ್ಯಾಯಾಲಯ, ವಿಶ್ವವಿದ್ಯಾಲಯ, ಚುನಾವಣೆ ಎಲ್ಲವೂ ಅದರೊಳಗಿವೆ. ನನ್ನ ಕೇಳಿದರೆ ಪ್ರಶ್ನೆವಾರು ಅಂಕದ ಕೆಳಗಿರುವ ವಿವರಣೆಯೇ ಇಡೀ ವರದಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ.

‘ಇದೆಲ್ಲ ಪಶ್ಚಿಮದವರ ಪಟ್ಟಿ, ಬಿಡಿ’ ಅನ್ನುವವರಿದ್ದಾರೆ. ಫ್ರೀಡಂ ಹೌಸಿಗೆ ಬಹುಕಾಲ ಅಮೆರಿಕ ಸರ್ಕಾರದ ಹಣ ಬಂದಿದೆ, ಅದು ನಿಜ. ಅದನ್ನು ಬರೆಯಿರಿ. ಪ್ರಶ್ನೆಗಳೂ ವಿವರಣೆಯೂ ಬಹಿರಂಗವಾಗಿವೆ, ನೀವೇ ಅಂಕ ಹಾಕಿ ನೋಡಬಹುದು. ಅನುಮಾನ ಇದ್ದವರು ಮಾಡಬೇಕಾದ್ದೂ ಅದನ್ನೇ.

ಹಂತ 5: ದುಡ್ಡು ಮತ್ತು ಮಾಲೀಕತ್ವ

ಜೈಲಿನಲ್ಲಿರುವ ಪತ್ರಕರ್ತರನ್ನು ಎಣಿಸುವುದು ಅತಿ ಸುಲಭದ ದಾರಿ. ಹಂಗೇರಿಯಲ್ಲಿ ಆ ದಾರಿ ಏನನ್ನೂ ತೋರಿಸುವುದಿಲ್ಲ. ಅಲ್ಲಿ ಪತ್ರಿಕೆಗಳ ಕೈ ಬದಲಾಗಿದೆ.

ನೇಪ್‌ಸಬದ್ಶಾಗ್ ಅಲ್ಲಿನ ಪ್ರಮುಖ ವಿರೋಧಿ ದನಿಯ ದಿನಪತ್ರಿಕೆ. 2016ರ ಅಕ್ಟೋಬರ್ 8, ಶನಿವಾರ, ಮುನ್ಸೂಚನೆ ಇಲ್ಲದೆ ಅದು ನಿಂತುಹೋಯಿತು. ನಷ್ಟವೇ ಕಾರಣ ಅಂತ ಪ್ರಕಾಶಕರು ಹೇಳಿದರು. ಅದೇ ತಿಂಗಳು ಆ ಪ್ರಕಾಶನ ಸಂಸ್ಥೆ ಆಗಿನ ಪ್ರಧಾನಿ ಒರ್ಬಾನ್ ಅವರ ಆಪ್ತ ಉದ್ಯಮಿಯೊಂದಿಗೆ ನಂಟಿರುವ ಕಂಪನಿಯ ಪಾಲಾಯಿತು. 2018ರ ನವೆಂಬರ್‌ನಲ್ಲಿ ಸರ್ಕಾರದ ಪರವಾದ ಮಾಲೀಕರು 400ಕ್ಕೂ ಹೆಚ್ಚು ಮಾಧ್ಯಮಗಳನ್ನು ಕೆಸ್ಮಾ ಎಂಬ ಒಂದೇ ಪ್ರತಿಷ್ಠಾನಕ್ಕೆ ದಾನ ಕೊಟ್ಟರು. ಮರುತಿಂಗಳು ಸರ್ಕಾರ ಇದನ್ನು ‘ರಾಷ್ಟ್ರೀಯ ಮಹತ್ವ’ದ್ದು ಎಂದು ಘೋಷಿಸಿತು. ಅಲ್ಲಿಗೆ ಏಕಸ್ವಾಮ್ಯ ತಡೆಯಬೇಕಾದ ಸ್ಪರ್ಧಾ ಪ್ರಾಧಿಕಾರ ಅದನ್ನು ಪರಿಶೀಲಿಸುವಂತೆಯೇ ಇಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ.

ಇದನ್ನು ಅಳೆಯಲು ಪ್ರತಿ ಸಂಸ್ಥೆಯ ಮುಂದೆ ಮೂರು ವಿವರ ಬರೆಯಿರಿ: 2010ರ ಮಾಲೀಕ, ಈಗಿನ ಮಾಲೀಕ, ಸರ್ಕಾರಿ ಜಾಹೀರಾತಿನ ಪಾಲು. ಜಾಹೀರಾತಿನ ಲೆಕ್ಕದಲ್ಲಿ ಹುಷಾರು. ಸಾಮಾನ್ಯವಾಗಿ ಸಿಗುವುದು ದರಪಟ್ಟಿಯ ಬೆಲೆ, ರಿಯಾಯಿತಿ ಕಳೆದ ಮೇಲಿನ ಮೊತ್ತವಲ್ಲ. ಆದ್ದರಿಂದ ಒಟ್ಟು ಹಣವನ್ನು ನಂಬದೆ, ಪಾಲು ಎಷ್ಟು ಬದಲಾಯಿತು ಅನ್ನುವುದನ್ನು ನೋಡಿ.

‘ಹಂಗೇರಿಯ ಶೇ 80ರಷ್ಟು ಮಾಧ್ಯಮ ಸರ್ಕಾರದ ಹಿಡಿತದಲ್ಲಿದೆ’ ಅಂತ ಎಲ್ಲೆಡೆ ಓದುತ್ತೀರಿ. ಇದು ಬುಡಾಪೆಸ್ಟಿನಲ್ಲಿ ಮಾಧ್ಯಮಗಳನ್ನು ಅಧ್ಯಯನ ಮಾಡುವ ಮೆರ್ಟೆಕ್ ಸಂಸ್ಥೆಯ ಲೆಕ್ಕದಿಂದ ಹೊರಟಿದ್ದು. ಅವರು ಅಳೆದಿದ್ದು ಸುದ್ದಿ ಮಾಧ್ಯಮದ ಆದಾಯದ ಪಾಲನ್ನು, ಸರ್ಕಾರಿ ಟಿವಿಯ ಬಜೆಟ್ಟೂ ಸೇರಿ. ನೂರರಲ್ಲಿ 80 ಪತ್ರಿಕೆ ಅಂತಲೋ 80 ಓದುಗರು ಅಂತಲೋ ಬರೆದುಬಿಟ್ಟರೆ ಒಳ್ಳೆಯ ಅಧ್ಯಯನವನ್ನು ಕೆಡಿಸಿದಂತೆ.

ಸರ್ಕಾರಿ ಟಿವಿಗೆ ಒಂದು ವಾಚು ಸಾಕು. ಯಾರಿಗೆ ಎಷ್ಟು ನಿಮಿಷ ಅಂತ ಬರೆದುಕೊಳ್ಳಿ. 2022ರ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಪ್ರಧಾನಿ ಅಭ್ಯರ್ಥಿ ಪೇಟರ್ ಮಾರ್ಕಿ-ಜಾಯ್ ಅವರಿಗೆ ಅಲ್ಲಿ ಮಾತಾಡಲು ಸಿಕ್ಕಿದ್ದು 5 ನಿಮಿಷ.

ಹಂತ 6: ನಿಮ್ಮ ತೀರ್ಮಾನಕ್ಕೆ ಎದುರಾದದ್ದನ್ನೂ ಬರೆಯಿರಿ

ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ, ನನಗೆ ಬೇಜಾರಾಗುವುದು ಅದಕ್ಕೇ. 2020ರ ಜುಲೈನಲ್ಲಿ ದೊಡ್ಡ ಸುದ್ದಿತಾಣ ಇಂಡೆಕ್ಸ್‌ನ ಸಂಪಾದಕರನ್ನು ತೆಗೆದಾಗ 70ಕ್ಕೂ ಹೆಚ್ಚು ಪತ್ರಕರ್ತರು ರಾಜೀನಾಮೆ ಕೊಟ್ಟರು. ಅವರಲ್ಲಿ ಬಹಳ ಮಂದಿ ಸೇರಿ ಕೆಲವೇ ತಿಂಗಳಲ್ಲಿ ಓದುಗರ ದೇಣಿಗೆಯಿಂದ ಟೆಲೆಕ್ಸ್ ಶುರುಮಾಡಿದರು. 2024ರ ಫೆಬ್ರುವರಿಯಲ್ಲಿ 444 ಎಂಬ ಸುದ್ದಿತಾಣ ರಾಷ್ಟ್ರಾಧ್ಯಕ್ಷೆ ಕಟಾಲಿನ್ ನೊವಾಕ್ ಕೊಟ್ಟಿದ್ದ ವಿವಾದಾತ್ಮಕ ಕ್ಷಮಾದಾನವೊಂದನ್ನು ಬಯಲಿಗೆಳೆಯಿತು. ಎರಡೇ ವಾರದೊಳಗೆ ನೊವಾಕ್ ರಾಜೀನಾಮೆ ಕೊಟ್ಟರು. ಇಂಥ ಪತ್ರಕರ್ತರನ್ನು ಲೆಕ್ಕದಿಂದ ಬಿಟ್ಟರೆ ಅವರ ದುಡಿಮೆಗೆ ಅನ್ಯಾಯ ಮಾಡಿದ ಹಾಗೆ.

ನಾಗರಿಕ ಸ್ವಾತಂತ್ರ್ಯಕ್ಕೂ ಇದೇ ನಿಯಮ: ಕಾನೂನಿಗೆ ಒಂದು ಕಾಲಂ, ನಡೆದದ್ದಕ್ಕೆ ಇನ್ನೊಂದು. 2025ರ ಮಾರ್ಚ್‌ನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ನಿಷೇಧಿಸಲು ದಾರಿ ಮಾಡಿಕೊಡುವ ಕಾನೂನು ಬಂತು. ಜೂನ್ 28ರಂದು ಬುಡಾಪೆಸ್ಟಿನ ಬೀದಿಗಳಲ್ಲಿ ಭಾರಿ ಜನ ಸೇರಿ ಮೆರವಣಿಗೆ ನಡೆಸಿಯೇಬಿಟ್ಟರು. ಮೊದಲ ಕಾಲಂ ಕೆಳಗಿಳಿಯುತ್ತದೆ, ಎರಡನೆಯದು ಬೇರೆಯೇ ಹೇಳುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ.

ಹಂತ 7: ಬರೆಯುವುದು

ಅಂಕ, ಆವೃತ್ತಿ, ಘಟನೆಯ ವರ್ಷ, ಈ ಮೂರೂ ಒಂದೇ ವಾಕ್ಯದಲ್ಲಿ ಇರಲಿ. ಅದರ ಪಕ್ಕದಲ್ಲೇ ಒಂದು ನಿಜ ಘಟನೆ. ಉದಾಹರಣೆಗೆ: ‘ಫ್ರೀಡಂ ಹೌಸಿನ 2019ರ ವರದಿಯಲ್ಲಿ, ಅಂದರೆ 2018ರ ಲೆಕ್ಕದಲ್ಲಿ, ಹಂಗೇರಿಗೆ ನೂರಕ್ಕೆ 70, 400ಕ್ಕೂ ಹೆಚ್ಚು ಮಾಧ್ಯಮಗಳು ಒಂದೇ ಪ್ರತಿಷ್ಠಾನಕ್ಕೆ ಸೇರಿದ್ದು ಆ ವರ್ಷವೇ.’ ಇಷ್ಟು ಬರೆದ ಮೇಲೆ ರ‍್ಯಾಂಕ್ ಹಾಕಲೇಬೇಕು ಅಂತ ಸಂಪಾದಕರು ಕೇಳಿದರೆ ಕೊನೆಯಲ್ಲಿ ಹಾಕಿ, ಹಿಂದಿನ ವರ್ಷದ ಅಂಕವನ್ನೂ ಜೊತೆಗೆ ಕೊಡಿ.