ಪರದೆಯ ಬಣ್ಣವನ್ನು ಕಾಗದಕ್ಕೆ ಇಳಿಸುವುದು ಹೇಗೆ?

ಪರದೆಯ ಮೇಲೆ ಹುಲ್ಲು ಹಚ್ಚಹಸಿರಾಗಿತ್ತು. ಪ್ರಿಂಟರ್‌ನಿಂದ ಹೊರಬಂದ ಹಾಳೆಯಲ್ಲಿ ನೀರು ಕಾಣದೆ ವಾರ ಕಳೆದ ಹಾಗೆ ಬಾಡಿತ್ತು. ಹಸಿರನ್ನು ತುಸು ಏರಿಸಿ ಮತ್ತೊಮ್ಮೆ ಮುದ್ರಿಸಿದೆ. ಹುಲ್ಲೇನೋ ಚಿಗುರಿತು, ಅದರ ಮೇಲೆ ಕುಳಿತಿದ್ದ ಮಗುವಿನ ಮುಖಕ್ಕೆ ಕಾಮಾಲೆ ಹತ್ತಿತು. ಮುಖಕ್ಕೆಂದು ಕೆಂಪು ಸೇರಿಸಿದರೆ ಆಕಾಶ ನೇರಳೆಗೆ ತಿರುಗಿತು. ಏಳು ಹಾಳೆ ಮುಗಿದ ಮೇಲೆ ಬುದ್ಧಿ ಬಂತು: ಚಿತ್ರದಲ್ಲಿ ತಪ್ಪೇ ಇರಲಿಲ್ಲ, ನಾನು ತಿದ್ದುತ್ತಿದ್ದುದು ತಪ್ಪಿಲ್ಲದ ಜಾಗವನ್ನು.

ಮನೆಯಲ್ಲಿ ಫೋಟೊ ಮುದ್ರಿಸುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಈ ಸುಳಿಯಲ್ಲೇ. ಬಣ್ಣ ಕೈಕೊಡುವ ಜಾಗಗಳು ನಾಲ್ಕೈದು: ಪರದೆ, ಫೈಲ್, ಪ್ರಿಂಟರ್, ಕಾಗದ, ಕೊನೆಗೆ ಚಿತ್ರ ನೋಡುವ ಬೆಳಕು. ಇವನ್ನು ಒಂದಾದ ಮೇಲೊಂದರಂತೆ ಸರಿಪಡಿಸುತ್ತ ಬರಬೇಕು. ಫೋಟೊದ ಬಣ್ಣಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರದೆ ತಾನೇ ಬೆಳಗುತ್ತದೆ. ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಬಣ್ಣ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಶಾಯಿಗಳು ನುಂಗಿಕೊಂಡು, ಉಳಿದದ್ದು ಕಣ್ಣಿಗೆ ಮರಳುತ್ತದೆ. ಹಾಗಾಗಿ ಪರದೆಯ ಮಿರುಗುವ ನೀಲಿ, ಉರಿಯುವ ಹಸಿರುಗಳಲ್ಲಿ ಕೆಲವು ಶಾಯಿಗೆ ನಿಲುಕುವುದೇ ಇಲ್ಲ. ಎರಡೂ ಪಡಿಯಚ್ಚಿನಂತಿರಲಿ ಎಂಬ ಆಸೆ ಬಿಡಬೇಕು. ಏನು ಬರುತ್ತದೆ ಎಂಬುದು ಮುದ್ರಿಸುವ ಮೊದಲೇ ಗೊತ್ತಿರಬೇಕು, ಅಷ್ಟೇ. ಅದು ಸಾಧ್ಯ.

ಮೊದಲು ಪರದೆ

‘ಪ್ರಿಂಟ್ ಕಪ್ಪಾಗಿ ಬರುತ್ತದೆ’ ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ಅನುಮಾನಿಸುವುದು ಪ್ರಿಂಟರನ್ನಲ್ಲ, ಮಾನಿಟರನ್ನು. ಹೊಸ ಮಾನಿಟರ್‌ಗಳು ಕಣ್ಣು ಕುಕ್ಕುವಷ್ಟು ಪ್ರಖರವಾಗಿ ಬರುತ್ತವೆ. ಎಷ್ಟೋ ಮಾನಿಟರ್‌ಗಳ ಗರಿಷ್ಠ ಪ್ರಖರತೆ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾ. ಮುದ್ರಣಕ್ಕೆಂದು ಫೋಟೊ ತಿದ್ದುವಾಗ ಬೇಕಾದದ್ದು 80ರಿಂದ 120 ಮಾತ್ರ. ಅದಕ್ಕಿಂತ ಹೆಚ್ಚು ಬೆಳಕಿನ ಪರದೆಯಲ್ಲಿ ನೋಡುತ್ತ ಚಿತ್ರವನ್ನು ‘ಸರಿ’ ಮಾಡಿದರೆ, ನಮಗರಿವಿಲ್ಲದೆಯೇ ಅದನ್ನು ಕಪ್ಪಾಗಿಸಿರುತ್ತೇವೆ. ಅಳತೆಗೋಲೇ ಡೊಂಕಾಗಿರುವಾಗ ಬಟ್ಟೆಯನ್ನು ಬೈದು ಫಲವಿಲ್ಲ.

ಉಪಕರಣವಿಲ್ಲದೆಯೂ ಮಾಡಬಹುದಾದ ಪರೀಕ್ಷೆ ಒಂದಿದೆ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಡಿ. ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ಸೌಲಭ್ಯ, ಕೋಣೆಯ ಬೆಳಕಿಗೆ ತಕ್ಕಂತೆ ತಾನಾಗಿ ಏರಿಳಿಯುವ ಪ್ರಖರತೆ, ‘ವಿವಿಡ್’ ‘ಸಿನೆಮಾ’ ಎಂಬಂಥ ಮೋಡ್‌ಗಳು ಎಲ್ಲವನ್ನೂ ಆಫ್ ಮಾಡಿ. ಪರದೆಯ ಬಿಳಿ ಎಷ್ಟು ಹಳದಿ, ಎಷ್ಟು ನೀಲಿ ಎಂಬುದನ್ನು ತೀರ್ಮಾನಿಸುವ ‘ಬಣ್ಣದ ತಾಪಮಾನ’ವನ್ನು 6500 ಕೆಲ್ವಿನ್‌ಗೆ ಇಡಿ. ಬರಿಯ ಬಿಳಿ ಪುಟವೊಂದನ್ನು ಪರದೆಯ ಮೇಲೆ ತೆರೆದು, ಮುದ್ರಣಕ್ಕೆ ಬಳಸುವ ಖಾಲಿ ಕಾಗದವನ್ನು ಪಕ್ಕದಲ್ಲಿ, ದೀಪದ ಬೆಳಕು ಚೆನ್ನಾಗಿ ಬೀಳುವಂತೆ ಹಿಡಿಯಿರಿ. ಎರಡು ಬಿಳಿಗಳೂ ಸರಿಸುಮಾರು ಒಂದೇ ಎನ್ನಿಸುವವರೆಗೆ ಪ್ರಖರತೆಯನ್ನು ಇಳಿಸುತ್ತ ಬನ್ನಿ. ಮೊದಲ ದಿನ ಪರದೆ ಮಂಕಾಯಿತೆನಿಸುತ್ತದೆ. ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಈ ಹೊಂದಿಕೊಳ್ಳುವ ಗುಣವೇ ಕಣ್ಣಿನ ತೊಡಕು ಕೂಡ. ನೀಲಿ ಛಾಯೆಯ ಪರದೆಯನ್ನೇ ದಿನವಿಡೀ ನೋಡಿದರೆ ಅದೇ ಬಿಳಿ ಎಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ. ಹಾಗಾಗಿ ಆಗಾಗ ಮುದ್ರಿಸುವವರು ಕಲರಿಮೀಟರ್ ಎಂಬ ಪುಟ್ಟ ಉಪಕರಣವನ್ನು ಕೊಳ್ಳುವುದು ಒಳ್ಳೆಯದು. ಪರದೆಗೆ ತಗುಲಿಸಿದರೆ ಅದು ಬಣ್ಣದ ಚೌಕಗಳನ್ನು ಒಂದೊಂದಾಗಿ ಅಳೆದು, ನಿಮ್ಮ ಮಾನಿಟರ್ ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಪ್ರೊಫೈಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಅಳತೆಯಾದ ಮೇಲೆ ಪ್ರಖರತೆಯ ಗುಂಡಿ ಮುಟ್ಟಬಾರದು. ಮುಟ್ಟಿದರೆ ಅಳತೆಯೆಲ್ಲ ವ್ಯರ್ಥ. ತಿಂಗಳಿಗೊಮ್ಮೆ ಮತ್ತೆ ಅಳೆದರೆ ಸಾಕು. ಹೊಸ ಪ್ರಿಂಟರ್ ಕೊಳ್ಳಲು ಹಣ ಕೂಡಿಡುತ್ತಿರುವವರಿಗೆ ನನ್ನ ಸಲಹೆ: ಮೊದಲು ಇದನ್ನು ಕೊಳ್ಳಿ.

ಫೈಲ್‌ನ ವಿಚಾರ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡು ಬಣ್ಣದ ವಲಯಗಳಿರುತ್ತವೆ, ಅಂದರೆ ಫೈಲ್‌ನಲ್ಲಿ ಯಾವ ಬಣ್ಣಗಳಿಗೆ ಜಾಗವಿದೆ ಎಂಬ ಎಲ್ಲೆಗಳು: 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿ, 1998ರ ಅಡೋಬಿ ಆರ್‌ಜಿಬಿ. ಎರಡನೆಯದರ ವ್ಯಾಪ್ತಿ, ಅದರಲ್ಲೂ ಹಸಿರು ಮತ್ತು ಸಯಾನ್ ಕಡೆಗೆ, ದೊಡ್ಡದು. ಒಳ್ಳೆಯ ಪ್ರಿಂಟರ್ ಅದರ ಲಾಭ ಪಡೆಯುತ್ತದೆ. ಆದರೆ ಬಣ್ಣದ ಪ್ರೊಫೈಲ್ ಓದಲಾರದ ತಂತ್ರಾಂಶದಲ್ಲಿ ಅದೇ ಚಿತ್ರ ಪೇಲವವಾಗಿ ಕಾಣುತ್ತದೆ. ಏನು ಆರಿಸಬೇಕೆಂದು ತಿಳಿಯದಿದ್ದರೆ ಎಸ್‌ಆರ್‌ಜಿಬಿ ಆರಿಸಿ, ನೆಮ್ಮದಿಯಾಗಿರಿ. ಯಾವುದನ್ನೇ ಆರಿಸಿದರೂ ಫೈಲ್ ಉಳಿಸುವಾಗ ಆ ವಲಯದ ಪ್ರೊಫೈಲ್ ಜೊತೆಗಿರಲಿ.

ಪ್ರಿಂಟರ್ ಮತ್ತು ಕಾಗದ

ಕೆಲವು ದಿನ ಸುಮ್ಮನಿದ್ದ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಶಾಯಿ ಒಣಗಿ, ಅದು ಚಿಮ್ಮುವ ಸೂಕ್ಷ್ಮ ರಂಧ್ರಗಳು (ನಾಝಲ್‌ಗಳು) ಕಟ್ಟಿಕೊಳ್ಳಬಹುದು. ಪ್ರಿಂಟರ್‌ನ ಮೆನುವಿನಲ್ಲಿರುವ ನಾಝಲ್ ಪರೀಕ್ಷೆಯನ್ನು ಸಾದಾ ಹಾಳೆಯ ಮೇಲೆ ಮಾಡಿ ನೋಡಿ. ಗೆರೆಗಳು ಎಲ್ಲಿಯಾದರೂ ತುಂಡಾಗಿದ್ದರೆ ಈ ರಂಧ್ರಗಳಿರುವ ಭಾಗವನ್ನು, ಅಂದರೆ ಹೆಡ್ ಅನ್ನು ಶುಚಿಗೊಳಿಸಿ. ಸಯಾನ್ ಅರ್ಧ ಕಟ್ಟಿಕೊಂಡಿರುವಾಗ ಚಿತ್ರ ಕೆಂಪಗೆ ಬಂದರೆ ಅದಕ್ಕೆ ಯಾವ ಪ್ರೊಫೈಲೂ ಮದ್ದಲ್ಲ.

ನನ್ನ ಹುಲ್ಲು ಬಾಡಿದ್ದು ಯಾಕೆಂದು ಈಗ ಹೇಳಬಹುದು. ಟ್ರೇನಲ್ಲಿ ಹೊಳಪಿನ ಫೋಟೊ ಕಾಗದವಿತ್ತು, ಕಂಪ್ಯೂಟರ್‌ನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ ಕಾಗದದ ವಿಧ ‘ಸಾದಾ ಕಾಗದ’ ಎಂದೇ ಉಳಿದಿತ್ತು. ಎಷ್ಟು ಶಾಯಿ ಸುರಿಸಬೇಕು ಎಂಬುದನ್ನು ಪ್ರಿಂಟರ್ ತೀರ್ಮಾನಿಸುವುದು ಈ ಆಯ್ಕೆ ನೋಡಿ. ಅದಕ್ಕೆ ತಾನಾಗಿ ಕಾಗದ ಕಾಣುವುದಿಲ್ಲ ಎಂದೇ ತಿಳಿದುಕೊಂಡರೆ ಕ್ಷೇಮ. ಕಾಗದದ ಲೇಪನವಿರುವ ಬದಿ ಯಾವುದೆಂದೂ ನೋಡಿಕೊಳ್ಳಿ.

ಇನ್ನು ಪ್ರೊಫೈಲ್. ಪ್ರಿಂಟರ್, ಶಾಯಿ, ಕಾಗದ ಈ ಮೂರೂ ಸೇರಿದ ಒಂದೊಂದು ಜೋಡಣೆಗೂ ಬೇರೆಯದೇ ಐಸಿಸಿ ಪ್ರೊಫೈಲ್, ಅಂದರೆ ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ಅಳೆದು ಬರೆದಿಟ್ಟ ಕಡತ, ಇರುತ್ತದೆ. ಫೋಟೊ ಕಾಗದ ತಯಾರಿಸುವ ಅನೇಕ ಕಂಪನಿಗಳು ಇವನ್ನು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಕೊಡುತ್ತವೆ. ನಿಮ್ಮ ಪ್ರಿಂಟರ್‌ನ ಮಾದರಿ ಸಂಖ್ಯೆ ಮತ್ತು ಕಾಗದದ ಹೆಸರು ಎರಡೂ ತಾಳೆಯಾಗುವುದನ್ನೇ ಇಳಿಸಿಕೊಳ್ಳಿ. ಅಗ್ಗವೆಂದು ಬೇರೆ ಕಂಪನಿಯ ಶಾಯಿ ತುಂಬಿದರೆ ಆ ಪ್ರೊಫೈಲ್‌ಗೆ ಅರ್ಥವಿಲ್ಲ. ಅದು ಅಳೆದದ್ದು ಮೂಲ ಶಾಯಿಯನ್ನು.

ಯಜಮಾನಿಕೆ ಒಬ್ಬರದೇ

ಬಣ್ಣವನ್ನು ಕಾಗದಕ್ಕೆ ಹೊಂದಿಸುವ ಕೆಲಸ ಒಂದೇ ಸಲ ನಡೆಯಬೇಕು. ಫೋಟೊಶಾಪ್‌ನಂಥ ತಂತ್ರಾಂಶ ಅದನ್ನು ಮಾಡಲಿ, ಇಲ್ಲವೇ ಪ್ರಿಂಟರ್‌ನ ಡ್ರೈವರ್ ಮಾಡಲಿ. ಎರಡೂ ಮಾಡಿದರೆ ಒಂದೇ ಅಡುಗೆಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಇದರ ಗುರುತು ಹೆಚ್ಚಾಗಿ ಇಡೀ ಚಿತ್ರಕ್ಕೆ ಹರಡುವ ಮೆಜೆಂಟಾ ಛಾಯೆ. ತಂತ್ರಾಂಶಕ್ಕೆ ಕೆಲಸ ವಹಿಸಿದಿರಾದರೆ, ಮುದ್ರಣದ ಕಿಟಕಿಯಲ್ಲಿ ಕಾಗದದ ಪ್ರೊಫೈಲ್ ಆರಿಸಿ, ಡ್ರೈವರ್‌ನ ಒಳಗೆ ಹೋಗಿ ಅಲ್ಲಿ ಬಣ್ಣದ ಹೊಂದಾಣಿಕೆಯನ್ನು ಆಫ್ ಮಾಡಿಬಿಡಿ. ಮೊಬೈಲ್‌ನಿಂದ ನೇರವಾಗಿ ಮುದ್ರಿಸುವವರಿಗೆ ಈ ಗೋಜಿಲ್ಲ. ಅಲ್ಲಿ ಪ್ರಿಂಟರೇ ಯಜಮಾನ. ಎಸ್‌ಆರ್‌ಜಿಬಿ ಫೈಲ್ ಕೊಟ್ಟು, ಕಾಗದದ ವಿಧವನ್ನು ಸರಿಯಾಗಿ ಹೇಳಿದರೆ ಆಯಿತು.

ಸಾಫ್ಟ್ ಪ್ರೂಫ್ ಎಂಬ ಸೌಲಭ್ಯ ನಿಮ್ಮ ತಂತ್ರಾಂಶದಲ್ಲಿದ್ದರೆ ಅದನ್ನು ಖಂಡಿತ ಬಳಸಿ. ಆರಿಸಿದ ಕಾಗದದ ಮೇಲೆ ಚಿತ್ರ ಹೇಗೆ ಕಾಣಬಹುದೆಂದು ಪರದೆಯಲ್ಲೇ ತೋರಿಸುತ್ತದೆ. ಅದನ್ನು ಒತ್ತಿದೊಡನೆ ಚಿತ್ರದ ಜೀವವೇ ಹೋದಂತಾಗುತ್ತದೆ. ಹಾಗಾಗಿ ಒತ್ತುವ ಗಳಿಗೆಯಲ್ಲಿ ನಾನು ಬೇರೆಡೆ ನೋಡುತ್ತೇನೆ, ಕೆಲವು ಕ್ಷಣ ಬಿಟ್ಟು ಮರಳಿ ನೋಡುತ್ತೇನೆ. ಅಲ್ಲಿಯೇ ‘ಪರ್ಸೆಪ್ಚುಯಲ್’ ಮತ್ತು ‘ರಿಲೇಟಿವ್ ಕಲರಿಮೆಟ್ರಿಕ್’ ಎಂಬ ಎರಡು ಆಯ್ಕೆಗಳು ಸಿಗುತ್ತವೆ. ಮೊದಲನೆಯದು, ಕಾಗದಕ್ಕೆ ಹಿಡಿಸದ ಬಣ್ಣಗಳಿದ್ದಾಗ, ಎಲ್ಲ ಬಣ್ಣಗಳನ್ನೂ ತುಸು ಒತ್ತಿ ಒಳಸೇರಿಸುತ್ತದೆ. ಎರಡನೆಯದು ಹಿಡಿಸುವ ಬಣ್ಣಗಳನ್ನು ಇದ್ದಂತೆಯೇ ಬಿಟ್ಟು, ಹಿಡಿಸದವನ್ನು ಮಾತ್ರ ಅಂಚಿಗೆ ತರುತ್ತದೆ. ಮುಖಗಳಿರುವ ಚಿತ್ರಕ್ಕೆ ನಾನು ಎರಡನೆಯದನ್ನು, ಗಾಢ ಬಣ್ಣದ ಹೂವಿಗೆ ಮೊದಲನೆಯದನ್ನು ಆರಿಸುತ್ತೇನೆ. ಇದೇನೂ ನಿಯಮವಲ್ಲ, ಎರಡನ್ನೂ ಪರದೆಯಲ್ಲಿ ನೋಡಿ ತೀರ್ಮಾನಿಸಿ.

ತುಂಡು ಹಾಳೆಯ ಪರೀಕ್ಷೆ

ಇಡೀ ಹಾಳೆ ಹಾಕುವ ಮೊದಲು, ಮುಖ ಮತ್ತು ನೆರಳಿರುವ ಒಂದು ಪಟ್ಟಿಯನ್ನಷ್ಟೇ ಸಣ್ಣ ತುಂಡಿನಲ್ಲಿ ಮುದ್ರಿಸಿ. ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳನ್ನೂ ಪಕ್ಕದಲ್ಲಿ ಸೇರಿಸಿದರೆ ಇನ್ನೂ ಉತ್ತಮ. ಹೂವಿನ ಕೆಂಪು ತುಸು ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ, ಬೂದು ಬಣ್ಣದಲ್ಲಿ ಹಸಿರೋ ಗುಲಾಬಿಯೋ ಇಣುಕಿದರೆ ಕೂಡಲೇ ಗೊತ್ತಾಗುತ್ತದೆ. ಮುದ್ರಿಸಿದ ತಕ್ಷಣ ತೀರ್ಪು ಕೊಡಬೇಡಿ. ಶಾಯಿ ಒಣಗುತ್ತ ಬಣ್ಣ ತುಸು ಬದಲಾಗುತ್ತದೆ. ಕೆಲವು ಗಂಟೆ ಬಿಡಿ, ಸಾಧ್ಯವಾದರೆ ಒಂದು ರಾತ್ರಿ.

ಬೆಳಿಗ್ಗೆ ಅದನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಜಾಗದಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಬೆಚ್ಚಗೆ ಕಾಣುವ ಹಾಳೆಯೇ ಹಗಲಲ್ಲಿ ತಣ್ಣಗೆ ಕಾಣುತ್ತದೆ. ಮುದ್ರಣೋದ್ಯಮ ತನ್ನ ಕೆಲಸವನ್ನು ಪರೀಕ್ಷಿಸಲು 5000 ಕೆಲ್ವಿನ್ ಬೆಳಕನ್ನೇ ಮಾನಕವಾಗಿ ಇಟ್ಟುಕೊಂಡಿರುವುದು ಇದಕ್ಕೇ. ಚಿತ್ರ ಯಾವ ಗೋಡೆಗೆ ಹೋಗಲಿದೆ ಎಂದು ಗೊತ್ತಿದ್ದರೆ, ಅಲ್ಲಿನ ದೀಪದ ಕೆಳಗೂ ಒಮ್ಮೆ ಹಿಡಿದು ನೋಡಿ.

ಇಷ್ಟಾದ ಮೇಲೂ ತುಸು ಕಪ್ಪೆನಿಸಿದರೆ ಆಗ ಫೋಟೊದ ಒಂದು ನಕಲು ಮಾಡಿಕೊಂಡು ಅದರಲ್ಲಿ ತಿದ್ದಿ, ಮೂಲಕ್ಕೆ ಕೈ ಹಾಕಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಳಸಿದ ಕಾಗದ, ಪ್ರೊಫೈಲ್, ಪರದೆಯ ಪ್ರಖರತೆಯ ಅಂಕಿ ಇವನ್ನು ಪ್ರತಿ ತುಂಡಿನ ಹಿಂಬದಿಯಲ್ಲಿ ಬರೆದಿಡಿ. ನನ್ನ ಮೇಜಿನ ಖಾನೆಯಲ್ಲಿ ಅಂಥ ತುಂಡುಗಳ ಕಟ್ಟೊಂದಿದೆ. ಹೊಸ ಕಾಗದ ಬಂದ ದಿನ ಮೊದಲು ಬಿಚ್ಚುವುದು ಅದನ್ನೇ.