ಕಾಲಿನ ಜೊತೆ ಹೊಟ್ಟೆಗೂ ತಾಲೀಮು

ಸತ್ತೂರು ದಾಟಿ ನವನಗರದ ಹತ್ತಿರ ಬರುವಾಗ ನನ್ನ ಕಾಲು ನಿಂತೇ ಹೋದವು. ನೋವಿರಲಿಲ್ಲ, ಉಳುಕಿರಲಿಲ್ಲ, ಉಸಿರೂ ಸರಿಯಾಗಿಯೇ ಇತ್ತು. ಆದರೆ ಇನ್ನೊಂದು ಹೆಜ್ಜೆ ಇಡುವಷ್ಟು ಕಸುವು ಮೈಯಲ್ಲಿ ಉಳಿದಿರಲಿಲ್ಲ. ಕೈಬೆರಳು ನಡುಗುತ್ತಿದ್ದವು. ಧಾರವಾಡದ ಕೆಲಗೇರಿ ಕೆರೆಗೆ ಎರಡು ಸುತ್ತು ಹಾಕಿ, ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಹಿಡಿದು ಹುಬ್ಬಳ್ಳಿಯ ಉಣಕಲ್ ಕೆರೆ ಮುಟ್ಟಿ, ಮೊದಲ ಸಲ 21 ಕಿ.ಮೀ. ಓಡಬೇಕು ಎಂದು ಹೊರಟಿದ್ದೆ. ವಾಚಿನಲ್ಲಿ 17 ತೋರಿಸುತ್ತಿತ್ತು.

ರಸ್ತೆ ಬದಿಯಲ್ಲಿ ಒಂದು ಚಹಾದ ಡಬ್ಬಿ ಅಂಗಡಿ ಇತ್ತು. ನನ್ನ ಹತ್ತಿರ ಒಂದು ರೂಪಾಯಿಯೂ ಇರಲಿಲ್ಲ, ಫೋನ್ ಮನೆಯಲ್ಲಿತ್ತು. ನನ್ನ ಮುಖ ನೋಡಿ ಅಂಗಡಿಯವರೇ ಸ್ಟೂಲ್ ಎಳೆದು ಹಾಕಿದರು. "ಕೂಡ್ರಿ ಅಕ್ಕಾರ, ಮೊದಲ ಚಾ ಕುಡೀರಿ. ರೊಕ್ಕ ನಾಳೆ ಕೊಡೀರಂತ" ಎಂದರು. ಸಕ್ಕರೆ ಜಾಸ್ತಿ ಹಾಕಿದ ಎರಡು ಕಪ್ ಚಹಾ, ಅರ್ಧ ಪುಡಿಕೆ ಗ್ಲೂಕೋಸ್ ಬಿಸ್ಕತ್ತು. ಕಾಲು ತಾಸಿನಲ್ಲಿ ನಡುಕ ನಿಂತಿತು. ಅವರ ಫೋನಿನಿಂದಲೇ ಮನೆಯವರನ್ನು ಕರೆಸಿಕೊಂಡೆ. ಅವತ್ತಿನಿಂದ 100 ರೂಪಾಯಿಯ ಒಂದು ನೋಟು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಓಡುವಾಗ ಸೊಂಟಕ್ಕೆ ಕಟ್ಟುವ ಬೆಲ್ಟಿನೊಳಗೆ ಇಟ್ಟಿರುತ್ತೇನೆ. ಬೆವರಿಗೆ ನೋಟು ತೊಯ್ಯಬಾರದು ಅಲ್ವಾ.

ಮನೆಗೆ ಬಂದಾಗ ಅತ್ತೆಯವರು ಕೇಳಿದ್ದು ಒಂದೇ ಮಾತು. "ಏನ್ ತಿಂದು ಹೋಗಿದ್ದಿ ಯವ್ವಾ?" ಚಹಾ ಅಂದೆ. "ಹೊಲಕ್ಕ ಹೂಡೂ ಮುಂದ ಎತ್ತಿಗೂ ಮೇವು ಹಾಕ್ತಾರ" ಎಂದು ಒಳಗೆ ಹೋದರು. ಅವರು ನವಲಗುಂದ ಕಡೆಯ ಒಕ್ಕಲುತನದ ಮನೆಯಿಂದ ಬಂದವರು. ಅಲ್ಲಿಯವರೆಗೆ ನಾನು ಬೂಟಿನ ಬಗ್ಗೆ ಮೂರು ತಿಂಗಳು ವಿಚಾರ ಮಾಡಿದ್ದೆ. ಊಟದ ಬಗ್ಗೆ ಮೂರು ನಿಮಿಷವೂ ಮಾಡಿರಲಿಲ್ಲ. ತೂಕ ಇಳಿಯಲಿ ಎಂದು ಹಿಂದಿನ ರಾತ್ರಿ ಒಂದು ಬಟ್ಟಲು ಮೊಸರವಲಕ್ಕಿ ಮಾತ್ರ ತಿಂದಿದ್ದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 41, ತೂಕ 58 ಕಿಲೋ. ಒಂದು ಕಿ.ಮೀ.ಗೆ ಸುಮಾರು ಏಳು ನಿಮಿಷ ಬೇಕು. ಅಂದರೆ 21 ಕಿ.ಮೀ. ಎಂದರೆ ಎರಡೂವರೆ ತಾಸು. ಲೆಕ್ಕ ಇಲ್ಲಿಂದ ಶುರು ಮಾಡಿದೆ. ಓಡುವಾಗ ಮೈ ಬಳಸುವ ಸಕ್ಕರೆ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ ಮತ್ತು ಲಿವರಿನಲ್ಲಿ ಕೂಡಿಟ್ಟಿರುತ್ತದೆ. ಚೆನ್ನಾಗಿ ಉಂಡವರಿಗೂ ಜೋರು ಓಟದಲ್ಲಿ ಅದು ಒಂದೂವರೆ ತಾಸು, ಹೆಚ್ಚೆಂದರೆ ಎರಡು ತಾಸಿನವರೆಗೆ ಬರುತ್ತದೆ. ಲಿವರಿನಲ್ಲಿದ್ದದ್ದು ರಾತ್ರಿ ಮಲಗಿದಾಗಲೇ ಖರ್ಚಾಗುತ್ತಿರುತ್ತದೆ. ಆದ್ದರಿಂದ ಒಂದೂವರೆ ತಾಸು ಮೀರುವ ಓಟದಲ್ಲಿ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ (ಸಕ್ಕರೆ, ಪಿಷ್ಟ) ಓಡುತ್ತಲೇ ಒಳಗೆ ಹೋಗಬೇಕು. ನಾನು ಅವತ್ತು ಖಾಲಿ ಕಿಸೆಯಲ್ಲಿ ಸಂತೆಗೆ ಹೋಗಿದ್ದೆ.

ಓಟಗಾರರಿಗೆಂದೇ ಅಂಗಡಿಯಲ್ಲಿ ಸಿಗುವ, ಹಿಂಡಿ ತಿನ್ನುವ ಸಿಹಿ ಜೆಲ್ ಪೊಟ್ಟಣದಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಪ್ರತಿ ಭಾನುವಾರ ಮೂರು–ನಾಲ್ಕು ಕೊಳ್ಳುವುದು ನನ್ನ ಕೈಗೆ ನಿಲುಕುವ ಖರ್ಚಲ್ಲ. ಹಾಗಾಗಿ ಮನೆಯಲ್ಲಿ ಇದ್ದದ್ದನ್ನು ಒಂದೊಂದಾಗಿ ಒಯ್ದು ನೋಡಿದೆ. ಶೇಂಗಾ ಉಂಡಿ ಬಹಳ ಇಷ್ಟ, ಆದರೆ ಓಟದ ನಡುವೆ ಗಂಟಲಿಗೆ ಅಂಟಿ ಹೊಟ್ಟೆ ಭಾರವಾಯಿತು. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ, ಎಣ್ಣೆ–ತುಪ್ಪ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ. ನಮ್ಮೂರಿನ ಪೇಡಾ ಕೂಡ ಅಷ್ಟೆ. ಸಕ್ಕರೆ ಇದೆ, ಆದರೆ ಖೋವಾ ಇದೆ. ಅದನ್ನು ಓಟ ಮುಗಿದ ಮೇಲೆ ತಿನ್ನುತ್ತೇನೆ. ಬಾಳೆಹಣ್ಣು ಒಳ್ಳೆಯದೇ, ಮಧ್ಯಮ ಗಾತ್ರದ್ದರಲ್ಲಿ 25 ಗ್ರಾಂ ಹತ್ತಿರ ಸಿಗುತ್ತದೆ. ಆದರೆ ಬೆಲ್ಟಿನಲ್ಲಿ ಐದು ಕಿ.ಮೀ. ಆದಮೇಲೆ ಅದು ಗೊಜ್ಜಾಗಿರುತ್ತದೆ.

ಕೊನೆಗೆ ನಿಂತದ್ದು ಬೆಲ್ಲ ಮತ್ತು ಖರ್ಜೂರದ ಮೇಲೆ. 60 ಗ್ರಾಂ ಬೀಜ ತೆಗೆದ ಮೆತ್ತನೆಯ ಖರ್ಜೂರವನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸುತ್ತೇನೆ. 60 ಗ್ರಾಂ ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸುತ್ತೇನೆ. ಈ ಸೋಸುವುದನ್ನು ಬಿಡಬೇಡಿ, ಬೆಲ್ಲದಲ್ಲಿ ಉಸುಕು ಇದ್ದರೆ ಓಡುವಾಗ ಹಲ್ಲಿಗೆ ಸಿಕ್ಕು ಕಿರಿಕಿರಿ. ಎರಡನ್ನೂ ಕಾಲು ಚಮಚ ಉಪ್ಪು ಮತ್ತು ಅರ್ಧ ನಿಂಬೆಹಣ್ಣಿನ ರಸದ ಜೊತೆ ಮಿಕ್ಸರಿನಲ್ಲಿ ನುಣ್ಣಗೆ ರುಬ್ಬುತ್ತೇನೆ. ಜೇನಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಒಟ್ಟು ಸುಮಾರು 100 ಗ್ರಾಂ ಕಾರ್ಬೋಹೈಡ್ರೇಟ್ ಆಗುತ್ತದೆ. ನಾಲ್ಕು ಪಾಲು ಮಾಡಿ ನಾಲ್ಕು ಸಣ್ಣ ಜಿಪ್ ಚೀಲಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಒಂದು ಚೀಲ, 25 ಗ್ರಾಂ. ಓಡುವಾಗ ಮೂಲೆಯನ್ನು ಹಲ್ಲಿನಿಂದ ಹರಿದು ಹಿಂಡಿದರೆ ಬಾಯಿಗೆ ಬೀಳುತ್ತದೆ. ಖಾಲಿ ಚೀಲ ಮತ್ತೆ ಬೆಲ್ಟಿಗೆ. ಕೆರೆ ದಂಡೆಯಲ್ಲಿ ಬಿಸಾಡಿದ ಜೆಲ್ ಪೊಟ್ಟಣ ಕಂಡರೆ ನನಗೆ ಸಂಕಟವಾಗುತ್ತದೆ.

ಇದನ್ನು ಮೊದಲ ಸಲ ತಿಂದಾಗ ವಾಕರಿಕೆ ಬಂತು. ಎರಡನೇ ವಾರವೂ ಅಷ್ಟೆ. ಬಿಡಬೇಕೆಂದಿದ್ದೆ. ಆಮೇಲೆ ತಿಳಿಯಿತು, ಓಡುವಾಗ ರಕ್ತ ಕಾಲಿನ ಕಡೆ ಹೋಗುವುದರಿಂದ ಹೊಟ್ಟೆಗೆ ಅದು ಕಡಿಮೆ ಸಿಗುತ್ತದೆ. ಆ ಸ್ಥಿತಿಯಲ್ಲಿ ಅರಗಿಸಿಕೊಳ್ಳುವುದನ್ನೂ ಹೊಟ್ಟೆ ಕಲಿಯಬೇಕು. ಗರಡಿಯಲ್ಲಿ ಮೈಗೆ ಹೇಗೋ ಹಾಗೆ ಅದಕ್ಕೂ ತಾಲೀಮು ಬೇಕು. 10 ಕಿ.ಮೀ. ಓಟದಲ್ಲಿ ಅಗತ್ಯವಿಲ್ಲದಿದ್ದರೂ ಅರ್ಧ ಚೀಲ ತಿನ್ನತೊಡಗಿದೆ, ಜೊತೆಗೆ ಎರಡು ಗುಟುಕು ನೀರು. ಆರು ವಾರದ ಹೊತ್ತಿಗೆ ಪ್ರತಿ 40 ನಿಮಿಷಕ್ಕೆ ಒಂದು ಇಡೀ ಚೀಲ ಸಲೀಸಾಗಿ ಇಳಿಯುತ್ತಿತ್ತು. ತಾಸಿಗೆ 37 ಗ್ರಾಂ ಆಯಿತು. ಹಸಿವಾಗುವವರೆಗೆ ಕಾಯುವುದಿಲ್ಲ. ಹಸಿವಾದಾಗ ತಿಂದರೆ ತಡವಾಗಿರುತ್ತದೆ.

ಇನ್ನು ರೊಟ್ಟಿಯ ವಿಷಯ. ಇದನ್ನು ನಮ್ಮ ಕಡೆಯ ಓಟಗಾರರಿಗೆ ಒತ್ತಿ ಹೇಳಬೇಕು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಮೆಂತ್ಯೆಸೊಪ್ಪು, ಸವತಿಕಾಯಿ. ವಾರವಿಡೀ ತಾಲೀಮು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ತಟ್ಟೆ ಬೇಡ. ಆದರೆ ಶನಿವಾರ ರಾತ್ರಿ ಇದೇ ತಟ್ಟೆ ನನಗೆ ಮೂರು ಭಾನುವಾರ ತೊಂದರೆ ಕೊಟ್ಟಿತು. ಜೋಳ, ಕಾಳು, ಸೊಪ್ಪು ಎಲ್ಲದರಲ್ಲೂ ನಾರು ಜಾಸ್ತಿ. ಮರುದಿನ ಹತ್ತು ಕಿ.ಮೀ. ಆಗುವಷ್ಟರಲ್ಲಿ ಹೊಟ್ಟೆ ಗುಡುಗುಡು ಎನ್ನುತ್ತದೆ, ಹೆಂಗಸರಿಗೆ ಹೋಗಲು ದಾರಿಯಲ್ಲಿ ಜಾಗ ಎಲ್ಲಿದೆ? ಈಗ ಉದ್ದ ಓಟದ ಹಿಂದಿನ ರಾತ್ರಿ ಬಿಳಿ ಅನ್ನ, ತಿಳಿಸಾರು, ಮೊಸರು. ಕಾಳು ಇಲ್ಲ, ಹಸಿಮೆಣಸಿನಕಾಯಿ ಚಟ್ನಿ ಇಲ್ಲ, ಸಂಜೆಯ ಮಿರ್ಚಿ ಭಜಿ ಅಂತೂ ಇಲ್ಲವೇ ಇಲ್ಲ. ಅನ್ನ ಮಾತ್ರ ದಿನಕ್ಕಿಂತ ಒಂದೂವರೆ ಪಾಲು. ರೊಟ್ಟಿ ಬಿಟ್ಟು ಅನ್ನ ಉಣ್ಣುವುದನ್ನು ಅತ್ತೆಯವರು ಒಪ್ಪಲು ಸ್ವಲ್ಪ ದಿನ ಬೇಕಾಯಿತು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಒಂದು ಬಾಳೆಹಣ್ಣು, ಬೆಲ್ಲ ಸವರಿದ ಎರಡು ಬ್ರೆಡ್ ತುಂಡು. ಐದೂವರೆಗೆ ಓಟ.

ಉಳಿದ ದಿನಗಳಲ್ಲಿ ನೋಡಬೇಕಾದದ್ದು ಪ್ರೋಟೀನು. ನಮ್ಮಂಥವರಿಗೆ ದಿನಕ್ಕೆ ತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಬೇಕು. ನನಗೆ 70ರ ಮೇಲೆ. ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ನಾಲ್ಕು ರೊಟ್ಟಿ, ಎರಡು ಬಟ್ಟಲು ಕಾಳು, ಹಾಲು, ಮೊಸರು, ಹಿಂಡಿ ಎಲ್ಲಾ ಕೂಡಿಸಿದರೂ 54ಕ್ಕೆ ನಿಂತಿತು. ಇನ್ನೊಂದು ಬಟ್ಟಲು ಬೇಳೆ, ಸಂಜೆ 50 ಗ್ರಾಂ ಪುಟಾಣಿ ಸೇರಿಸಿದೆ. ಲೆಕ್ಕ ಸರಿಹೋಯಿತು.

ಆದರೂ ಒಂದು ದಣಿವು ಹೋಗುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಕರ್ನಾಟಕ ವಿಶ್ವವಿದ್ಯಾಲಯದ ಏರಿನಲ್ಲಿ ನಡೆಯಬೇಕಾಗುತ್ತಿತ್ತು. ತಾಲೀಮು ಜಾಸ್ತಿಯಾಯಿತು ಎಂದುಕೊಂಡು ಎರಡು ತಿಂಗಳು ಕಳೆದೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಿಗೆ 12ರ ಕೆಳಗಿದ್ದರೆ ರಕ್ತಹೀನತೆ. ಡಾಕ್ಟರು ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ನೋಡಿ ಕಬ್ಬಿಣದ ಮಾತ್ರೆ ಕೊಟ್ಟರು. ಮನೆಯಲ್ಲಿ ನಾನು ಬದಲಿಸಿದ್ದು ಚಹಾದ ವೇಳೆ. ಊಟದ ಬೆನ್ನಿಗೇ ಚಹಾ ಕುಡಿಯುವುದು ನಮ್ಮ ಮನೆಯ ರೂಢಿ. ಕಾಳು–ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ, ನಿಂಬೆರಸ ಹತ್ತುವಂತೆ ಮಾಡುತ್ತದೆ. ಈಗ ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ, ಪಲ್ಯದ ಮೇಲೆ ನಿಂಬೆಹಣ್ಣು. ನಾಲ್ಕು ತಿಂಗಳಿಗೆ 12.3 ಆಯಿತು. ಓಡುವ ಅಕ್ಕ–ತಂಗಿಯರೇ, ಹೊಸ ಬೂಟು ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳಿ. ಬೆಲ್ಲ ತಿಂದರೆ ರಕ್ತ ಬರುತ್ತದೆ ಎಂದು ಸುಮ್ನೆ ಕೂರಬೇಡಿ, ಅಷ್ಟರಿಂದ ನನಗಂತೂ ಆಗಲಿಲ್ಲ.

ನೀರಿನ ಲೆಕ್ಕ ಸುಲಭ. ಏಪ್ರಿಲ್‌ನಲ್ಲಿ ಒಂದು ತಾಸು ಓಡುವ ಮೊದಲು ಮತ್ತು ಆಮೇಲೆ ತೂಕ ನೋಡಿದೆ. 900 ಗ್ರಾಂ ಇಳಿದಿತ್ತು, ನಡುವೆ 200 ಮಿ.ಲೀ. ಕುಡಿದಿದ್ದೆ. ಅಂದರೆ ತಾಸಿಗೆ 1.1 ಲೀಟರ್ ಬೆವರು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದರ ಅರ್ಧವೂ ಇಲ್ಲ. ಹೋದಷ್ಟನ್ನೂ ಕುಡಿಯಬೇಕಿಲ್ಲ. ತೂಕದ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಕುತ್ತು ಬರಬಹುದು. ಬೇಸಿಗೆಯಲ್ಲಿ ನನ್ನ ಕರಿ ಟೀ–ಶರ್ಟಿನ ಬೆನ್ನ ಮೇಲೆ ಬಿಳಿ ಗೆರೆಗಳು ಮೂಡುತ್ತವೆ, ಒಣಗಿದ ಉಪ್ಪು. ಆ ದಿನಗಳಲ್ಲಿ ಬೆಲ್ಟಿನ ಎರಡು 250 ಮಿ.ಲೀ. ಬಾಟಲಿಗಳಿಗೆ ಸೇರಿ ಮೂರು ಚಮಚ ಸಕ್ಕರೆ, ಕಾಲು ಚಮಚ ಉಪ್ಪು, ನಿಂಬೆರಸ. ಮನೆ ಮುಟ್ಟಿದ ಮೇಲೆ ದೊಡ್ಡ ಚರಿಗೆ ತುಂಬ ಮಜ್ಜಿಗೆ.

ಬೂಟಿನ ಬಗ್ಗೆ ಈಗ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ಕೆಳಗಿದೆ. ಆ ಕಡೆ ಓಡಿದರೆ ಒಟ್ಟಾರೆ ಇಳಿಜಾರು. ಇಳಿಯುವಾಗ ಪಾದ ಮುಂದೆ ಜಾರಿ ಬೆರಳು ಬೂಟಿನ ತುದಿಗೆ ಬಡಿಯುತ್ತದೆ. ಹೀಗೆ ನನ್ನ ಎರಡು ಹೆಬ್ಬೆರಳಿನ ಉಗುರು ಕಪ್ಪಾಗಿ ಕಿತ್ತುಬಂದವು. ಮುಂಜಾನೆ ಹೋಗಿ ಕಾಲಿಗೆ ಸರಿಯಾದ ಅಳತೆ ಎಂದು ಕೊಂಡದ್ದೇ ತಪ್ಪಾಗಿತ್ತು. ಓಡಿದಾಗ, ದಿನವಿಡೀ ನಿಂತಾಗ ಪಾದ ಉಬ್ಬುತ್ತದೆ. ಈಗ ಸಂಜೆ ಶಾಲೆ ಮುಗಿಸಿ, ಓಡುವ ಸಾಕ್ಸನ್ನೇ ಒಯ್ದು, ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯುವಂಥದ್ದನ್ನು ಕೊಳ್ಳುತ್ತೇನೆ.

ಬೂಟಿನ ಮೇಲ್ತುದಿಯಲ್ಲಿ, ಹಿಂದಕ್ಕೆ ಸರಿದಂತೆ, ಒಂದು ಹೆಚ್ಚಿನ ತೂತು ಇರುತ್ತದೆ ನೋಡಿ. ಅದು ಏಕೆ ಎಂದು ನನಗೆ ಎರಡು ವರ್ಷ ತಿಳಿದಿರಲಿಲ್ಲ. ಲೇಸನ್ನು ಹೊರಗಿನಿಂದ ಒಳಕ್ಕೆ ಆ ತೂತಿಗೆ ಹಾಕಿ, ಪೂರ್ತಿ ಎಳೆಯದೆ ಸಣ್ಣ ಕುಣಿಕೆ ಬಿಡಬೇಕು. ಎರಡೂ ಬದಿ ಹಾಗೆ ಮಾಡಿ, ಈ ಬದಿಯ ಲೇಸನ್ನು ಆ ಬದಿಯ ಕುಣಿಕೆಯಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಬೇಕು. ಹಿಮ್ಮಡಿ ಬೂಟಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಪಾದ ಮುಂದೆ ಜಾರುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಒಂದು ಉಗುರೂ ಹೋಗಿಲ್ಲ.

ಹತ್ತಿ ಸಾಕ್ಸ್ ಬೇಡ, ಬೆವರು ಹೀರಿ ಹಸಿಯಾಗಿಯೇ ಇದ್ದು ಗುಳ್ಳೆ ಎಬ್ಬಿಸುತ್ತದೆ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಬೇಕು, ಇಲ್ಲಿ ಉಳಿತಾಯ ಮಾಡಬಾರದು. ಅದರ ಅಂಚು, ಕಂಕುಳು, ತೊಡೆ ತಿಕ್ಕುವಲ್ಲಿ ವ್ಯಾಸಲೀನ್ ಹಚ್ಚಿಕೊಳ್ಳಬೇಕು. ವಾಚು ಸಾದಾ ಇದ್ದರೂ ನಡೆಯುತ್ತದೆ. ಕತ್ತಲಲ್ಲಿ ಹೊರಡುವವರಿಗೆ ತಲೆಗೆ ಕಟ್ಟುವ ಬ್ಯಾಟರಿ, ಹೊಳೆಯುವ ಪಟ್ಟಿ ಇರಲೇಬೇಕು.

ಮಳೆಗಾಲಕ್ಕೆ ಎರಡು ಜೊತೆ ಬೂಟು ಇಟ್ಟುಕೊಂಡಿದ್ದೇನೆ. ಹಳಿಯಾಳ ರಸ್ತೆಯ ಕಡೆ ಕೆಂಪು ಮಸಾರಿ ಮಣ್ಣು, ಮಳೆಯಲ್ಲೂ ಓಡಬಹುದು. ನವಲಗುಂದ ಕಡೆಯ ಕಪ್ಪು ಎರಿ ಮಣ್ಣಿನ ಹಾದಿಗೆ ಮಾತ್ರ ಮಳೆ ಬಿದ್ದ ಮೇಲೆ ಕಾಲಿಡಬೇಡಿ. ಹತ್ತು ಹೆಜ್ಜೆಗೆ ಅಟ್ಟೆಯ ಕೆಳಗೆ ಮಣ್ಣು ಮುದ್ದೆಗಟ್ಟಿ ಕಾಲು ಎತ್ತಲು ಆಗುವುದಿಲ್ಲ. ತೊಯ್ದ ಬೂಟಿನ ಒಳಗಿನ ಪಟ್ಟಿ ತೆಗೆದು, ಹಳೆಯ ಪೇಪರ್ ತುರುಕಿ, ತಾಸಿಗೊಮ್ಮೆ ಬದಲಿಸಿ ನೆರಳಿನಲ್ಲಿ ಒಣಗಿಸಬೇಕು. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಂದು ಜೊತೆ 500ರಿಂದ 800 ಕಿ.ಮೀ. ಬರುತ್ತದೆ. ಕೊಂಡ ತಾರೀಖನ್ನು ಬೂಟಿನ ನಾಲಿಗೆಯ ಒಳಬದಿಗೆ ಪೆನ್ನಿನಿಂದ ಬರೆದಿಡುತ್ತೇನೆ.

ನವನಗರದಲ್ಲಿ ಕುಸಿದ ಐದು ತಿಂಗಳಿಗೆ ಅದೇ ದಾರಿ ಮತ್ತೆ ಓಡಿದೆ. ಮೂರು ಚೀಲ ಬೆಲ್ಲ–ಖರ್ಜೂರ. ಡಬ್ಬಿ ಅಂಗಡಿಯ ಮುಂದೆ ನಿಲ್ಲದೆ ಕೈ ಎತ್ತಿದೆ, ಅವರೂ ಎತ್ತಿದರು. ಉಣಕಲ್ ಕೆರೆ ಮುಟ್ಟಿದಾಗ ಎರಡು ತಾಸು 26 ನಿಮಿಷ. ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತು, ಬೆಲ್ಟಿನಿಂದ ನೂರರ ನೋಟು ತೆಗೆದು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಟಿಕೆಟ್ ಕೊಂಡೆ. ಉಳಿದ ಚಿಲ್ಲರೆಗೆ ನವನಗರದಲ್ಲಿ ಇಳಿದು ಚಹಾ ಕುಡಿದೆ.