ಎಚ್‌ಎಫ್ ಕ್ಯಾನಿಗೆ ಸರಿಯಾದ ಲೇಬಲ್ ಬರೆಯುವುದು ಹೇಗೆ?

ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳನ್ನು ತೊಳೆದು ಹೊಳಪು ಕೊಡುವ ಸಣ್ಣ ಘಟಕವೊಂದಕ್ಕೆ ಹಿಂದೊಮ್ಮೆ ಹೋಗಿದ್ದೆ. ಗೋಡೆ ಪಕ್ಕ ಎರಡು ಬಿಳಿ ಕ್ಯಾನುಗಳಿದ್ದವು. ಎರಡರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಒಂದೇ ಬರಹ: ‘ಆಸಿಡ್, ಶೇ 10, ಹುಷಾರು’. ಒಂದರಲ್ಲಿದ್ದದ್ದು ಹೈಡ್ರೋಕ್ಲೋರಿಕ್ ಆಸಿಡ್. ಇನ್ನೊಂದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್, ಅಂದರೆ ಎಚ್‌ಎಫ್. ಕಿವಿಗೆ ಎರಡೂ ಹೆಸರು ಹೆಚ್ಚುಕಮ್ಮಿ ಒಂದೇ. ಕಣ್ಣಿಗೆ ಎರಡೂ ನೀರಿನ ಹಾಗೆ. ಮೊದಲನೆಯದು ಮೈಮೇಲೆ ಬಿದ್ದರೆ ಚರ್ಮ ಕೆಂಪಾಗಿ ಉರಿಯುತ್ತದೆ. ಎರಡನೆಯದು ಬಿದ್ದರೆ ಜೀವಕ್ಕೇ ಕುತ್ತು.

ಆ ಎರಡನೇ ಕ್ಯಾನಿನ ಮೇಲೆ ಏನಿರಬೇಕಿತ್ತು? ಅದನ್ನು ನಾವೇ ಲೆಕ್ಕ ಹಾಕಿ ಕಂಡುಹಿಡಿಯೋಣ. ಇದಕ್ಕೆ ವಿಶ್ವಸಂಸ್ಥೆ 2003ರಲ್ಲಿ ಮೊದಲು ಪ್ರಕಟಿಸಿದ ಜಿಎಚ್‌ಎಸ್ ಎಂಬ ಪದ್ಧತಿ ಇದೆ. ಅದರಲ್ಲಿ ಅಪಾಯಗಳಿಗೆ ವರ್ಗಗಳಿವೆ. ಸಂಖ್ಯೆ ಚಿಕ್ಕದಾದಷ್ಟೂ ಅಪಾಯ ದೊಡ್ಡದು: ವರ್ಗ 1 ಅಂದರೆ ಅತಿ ಕೆಟ್ಟದ್ದು. ಇದೇ ಪದ್ಧತಿಯನ್ನು ಯುರೋಪು ಸಿಎಲ್‌ಪಿ ಎಂಬ ಹೆಸರಿನಲ್ಲಿ ಕಾನೂನು ಮಾಡಿಕೊಂಡಿದೆ. ಸಾವಿರಾರು ರಾಸಾಯನಿಕಗಳ ವರ್ಗಗಳನ್ನು ಪಟ್ಟಿ ಮಾಡಿಯೂ ಇಟ್ಟಿದೆ. ಆ ಪಟ್ಟಿ ನಮಗೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಕಾಗದ, ಪೆನ್ನು, ಕ್ಯಾಲ್ಕುಲೇಟರ್, ಮತ್ತು ಮಾರಿದವರು ಕೊಡುವ ಸೇಫ್ಟಿ ಡೇಟಾ ಶೀಟ್. ನಮ್ಮ ದೇಶದಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿಗೆ 1989ರ ನಿಯಮಗಳಿವೆ. ಆ ಶೀಟನ್ನು ಕೇಳುವ ಹಕ್ಕು ಅಲ್ಲಿಂದಲೇ ಬರುತ್ತದೆ. ಹಾಗಾಗಿ ಸಂಕೋಚ ಪಡದೆ ಕೇಳಿ.

ಹೆಜ್ಜೆ 1: ಒಳಗೆ ಏನಿದೆ, ಎಷ್ಟಿದೆ?

‘ಎಚ್‌ಎಫ್’ ಅಂದರೆ ಸಾಲದು. ನೀರಿಲ್ಲದ ಶುದ್ಧ ಎಚ್‌ಎಫ್ ಬೇರೆ, ನೀರಲ್ಲಿ ಕರಗಿದ ಆಸಿಡ್ ಬೇರೆ. ಶೀಟಿನಲ್ಲಿ ಸಿಎಎಸ್ ಸಂಖ್ಯೆ 7664-39-3 ಇದೆಯಾ ನೋಡಿ. ಅದು ಎಚ್‌ಎಫ್‌ನ ಗುರುತಿನ ಸಂಖ್ಯೆ. ಮಾರ್ಕೆಟ್‌ನಲ್ಲಿ ಸಿಗುವ ಆಸಿಡ್ ಸಾಮಾನ್ಯವಾಗಿ ಶೇ 48–49 ಅಥವಾ ಶೇ 70ರದ್ದು. ಅದಕ್ಕೆ ನೀರು ಬೆರೆಸಿ ಬಳಸುತ್ತಾರೆ. ಬೆರೆಸಿದ ಮೇಲೆ ಶೇಕಡಾ ಎಷ್ಟಾಯಿತು ಅನ್ನುವುದೇ ನಿಮ್ಮ ಲೆಕ್ಕದ ಬುನಾದಿ. ಅಂದಾಜಿನಲ್ಲಿ ಬರೆಯಬೇಡಿ.

ಇನ್ನೊಂದು ಮಾತು. ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಎಚ್‌ಎಫ್ ಬದಲು ಅಮೋನಿಯಂ ಬೈಫ್ಲೋರೈಡ್ ಅಂತ ಬರೆದಿರುತ್ತದೆ. ಆಸಿಡ್ ಜೊತೆ ಸೇರಿದಾಗ ಅದೂ ಎಚ್‌ಎಫ್ ಅನ್ನೇ ಕೊಡುತ್ತದೆ. ಹೆಸರು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಹೆಜ್ಜೆ 2: ಭೌತಿಕ ಅಪಾಯಗಳು

ಮೊದಲ ಪ್ರಶ್ನೆ, ಇದು ಅನಿಲವೋ ದ್ರವವೋ? ಶುದ್ಧ ಎಚ್‌ಎಫ್ ಕುದಿಯುವುದು 19.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡಿಸೆಂಬರ್ ತಿಂಗಳ ಬೆಂಗಳೂರಿನಲ್ಲಿ ಬೆಳಿಗ್ಗೆ ದ್ರವ, ಮಧ್ಯಾಹ್ನ ಅನಿಲ! ಜಿಎಚ್‌ಎಸ್ ಇಲ್ಲಿ ಸ್ಪಷ್ಟ ಗೆರೆ ಎಳೆದಿದೆ. ಸಾಮಾನ್ಯ ಒತ್ತಡದಲ್ಲಿ 20 ಡಿಗ್ರಿಗೆ ಪೂರ್ತಿ ಅನಿಲವಾಗಿದ್ದರೆ ಅದು ಅನಿಲ. ಅರ್ಧ ಡಿಗ್ರಿ ಅಂತರದಲ್ಲಿ ಎಚ್‌ಎಫ್ ಅನಿಲದ ಕಡೆಗೆ ಬೀಳುತ್ತದೆ. ಆದರೆ ಲಾರಿಯ ಮೇಲಿನ ಫಲಕದಲ್ಲಿ ನಿಮಗೆ ಕಾಣುವುದು ಬೇರೆ. ಸಾಗಣೆ ನಿಯಮದಲ್ಲಿ ಶುದ್ಧ ಎಚ್‌ಎಫ್‌ಗೆ ಯುಎನ್ 1052 ಸಂಖ್ಯೆ, ನೀರಲ್ಲಿ ಕರಗಿದ ಆಸಿಡ್‌ಗೆ ಯುಎನ್ 1790. ಶುದ್ಧ ಎಚ್‌ಎಫ್ ಅನ್ನು ಅನಿಲಗಳ ಸಾಲಿನಲ್ಲಿ ಇಡದೆ, ಚರ್ಮ, ಲೋಹ ತಿನ್ನುವ ಪದಾರ್ಥಗಳ 8ನೇ ಕ್ಲಾಸಿನಲ್ಲಿ ಇಟ್ಟಿದ್ದಾರೆ. ಜೊತೆಗೆ ವಿಷದ 6.1 ಕ್ಲಾಸ್ ಕೂಡ ಇದೆ. ಎರಡು ನಿಯಮ ಪುಸ್ತಕ, ಎರಡು ಉತ್ತರ. ಯಾವುದೂ ತಪ್ಪಲ್ಲ. ಒಂದನ್ನು ನೋಡಿ ಇನ್ನೊಂದನ್ನು ಬರೆಯಬಾರದು, ಅಷ್ಟೇ.

ಈ ಅನಿಲದ ಪ್ರಶ್ನೆ ಸುಮ್ನೆ ಪುಸ್ತಕದ್ದಲ್ಲ. 2012ರ ಸೆಪ್ಟೆಂಬರ್ 27ರಂದು ದಕ್ಷಿಣ ಕೊರಿಯಾದ ಗುಮಿ ನಗರದ ಕಾರ್ಖಾನೆಯೊಂದರಲ್ಲಿ ಟ್ಯಾಂಕಿನಿಂದ ಎಚ್‌ಎಫ್ ಇಳಿಸುವಾಗ ಸೋರಿಕೆಯಾಯಿತು. ಐದು ಜನ ಸತ್ತರು. ಮೋಡದಂತೆ ಹರಡಿದ ಅನಿಲ ಅಕ್ಕಪಕ್ಕದ ಹಳ್ಳಿಗಳ ಬೆಳೆ ಒಣಗಿಸಿತು, ದನಗಳನ್ನೂ ಬಿಡಲಿಲ್ಲ.

ಎರಡನೇ ಪ್ರಶ್ನೆ, ಬೆಂಕಿ ಹತ್ತುತ್ತದಾ? ಇಲ್ಲ. ಆ ಕಾಲಂ ಖಾಲಿ ಬಿಡಿ.

ಮೂರನೆಯದು, ಲೋಹವನ್ನು ತಿನ್ನುತ್ತದಾ? ಇದಕ್ಕೆ ಅಳತೆ ಇದೆ. 55 ಡಿಗ್ರಿ ಶಾಖದಲ್ಲಿ ಉಕ್ಕು ಅಥವಾ ಅಲ್ಯೂಮಿನಿಯಂ ವರ್ಷಕ್ಕೆ 6.25 ಮಿಲಿಮೀಟರ್‌ಗಿಂತ ಜಾಸ್ತಿ ಸವೆದರೆ ವರ್ಗ 1. ಇಲ್ಲೊಂದು ವಿಚಿತ್ರ ಇದೆ. ಶೇ 70ಕ್ಕಿಂತ ಗಟ್ಟಿ ಎಚ್‌ಎಫ್ ಅನ್ನು ಮಾಮೂಲಿ ಉಕ್ಕಿನ ಟ್ಯಾಂಕಿನಲ್ಲೇ ಇಡಬಹುದು. ಕಬ್ಬಿಣದ ಫ್ಲೋರೈಡ್ ಪದರ ಕಟ್ಟಿಕೊಂಡು ಉಕ್ಕನ್ನು ಕಾಯುತ್ತದೆ. ನೀರು ಬೆರೆಸಿದ ಆಸಿಡ್‌ಗೆ ಆ ರಕ್ಷಣೆ ಇಲ್ಲ. ಅದು ಉಕ್ಕನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಹೈಡ್ರೋಜನ್‌ಗೆ ಬೆಂಕಿ ಹತ್ತುತ್ತದೆ, ಅಲ್ವಾ? ಆಸಿಡ್ ಉರಿಯದಿದ್ದರೂ ಅದರ ಡಬ್ಬಿ ಸಿಡಿಯಬಹುದು. ಗಾಜಿನ ಬಾಟಲಿಯನ್ನಂತೂ ಯೋಚಿಸಲೂ ಬೇಡಿ. ಎಚ್‌ಎಫ್ ಗಾಜನ್ನೇ ಕರಗಿಸುತ್ತದೆ. ಹಾಗಾಗಿಯೇ ಪ್ಲಾಸ್ಟಿಕ್ ಕ್ಯಾನು. ನಮ್ಮ ಲೇಬಲ್‌ನಲ್ಲಿ ಎಚ್290 ಎಂಬ ಸಾಲು, ಅಂದರೆ ‘ಲೋಹವನ್ನು ತಿನ್ನಬಹುದು’, ಇಲ್ಲಿಂದ ಬಂತು.

ಫ್ಲೋರಿನ್ ಇರುವುದೆಲ್ಲ ಉರಿಯುವುದಿಲ್ಲ ಅಂದುಕೊಳ್ಳಬೇಡಿ. ಈಗಿನ ಎಸಿಗಳಲ್ಲಿ ಇರುವ ಆರ್-32 ಅನಿಲವನ್ನು ಎಚ್‌ಎಫ್ ಬಳಸಿಯೇ ತಯಾರಿಸುತ್ತಾರೆ. ಗಾಳಿಯಲ್ಲಿ ಅದು ಸುಮಾರು ಶೇ 14 ಇದ್ದಾಗ ಉರಿಯಲು ಶುರು, ಸುಮಾರು ಶೇ 30ರ ತನಕ ಉರಿಯುತ್ತದೆ. ಈ ಅಂತರ ಕನಿಷ್ಠ 12 ಶೇಕಡಾ ಅಂಶ ಇದ್ದರೆ ಉರಿಯುವ ಅನಿಲಗಳ ವರ್ಗ 1. ಆದರೆ ಶೇ 6ಕ್ಕಿಂತ ಮೇಲೆ ಮಾತ್ರ ಬೆಂಕಿ ಹತ್ತುವುದರಿಂದ ಉಪವರ್ಗ 1ಬಿ. ಎಸಿ ರಿಪೇರಿ ಮಾಡುವವರು ಇದನ್ನು ಗೊತ್ತಿಟ್ಟುಕೊಳ್ಳಬೇಕು. ಉರಿದ ಆರ್-32 ಮತ್ತೆ ಎಚ್‌ಎಫ್ ಅನ್ನೇ ಹೊರಗೆ ಬಿಡುತ್ತದೆ.

ಹೆಜ್ಜೆ 3: ವಿಷದ ಲೆಕ್ಕ

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಯುರೋಪಿನ ಪಟ್ಟಿಯಲ್ಲಿ ಎಚ್‌ಎಫ್‌ಗೆ ಹೀಗಿದೆ: ನುಂಗಿದರೆ ವರ್ಗ 2, ಉಸಿರಾಡಿದರೆ ವರ್ಗ 2, ಚರ್ಮಕ್ಕೆ ತಾಗಿದರೆ ವರ್ಗ 1. ಮೂರನೆಯದನ್ನು ಇನ್ನೊಮ್ಮೆ ಓದಿ. ಎಚ್‌ಎಫ್ ವಿಷಯದಲ್ಲಿ ನುಂಗುವುದಕ್ಕಿಂತ ಮೈಮೇಲೆ ಚೆಲ್ಲುವುದನ್ನೇ ಹೆಚ್ಚು ಕೆಟ್ಟದ್ದೆಂದು ಬರೆದಿದ್ದಾರೆ. ಮೊದಲ ಎರಡರ ಪಕ್ಕ ಪಟ್ಟಿಯಲ್ಲಿ ಒಂದು ನಕ್ಷತ್ರದ ಗುರುತೂ ಇದೆ. ‘ಇದು ಕನಿಷ್ಠ, ಇದಕ್ಕಿಂತ ಕೆಟ್ಟ ಮಾಹಿತಿ ಸಿಕ್ಕರೆ ಮೇಲಿನ ವರ್ಗಕ್ಕೆ ಏರಿಸಿ’ ಅಂತ ಅದರ ಅರ್ಥ.

ಪ್ರತಿ ವರ್ಗಕ್ಕೂ ಲೆಕ್ಕಕ್ಕಾಗಿ ಒಂದು ಅಂಕಿ ಕೊಟ್ಟಿದ್ದಾರೆ: ಎಷ್ಟು ಪ್ರಮಾಣ ಜೀವಕ್ಕೆ ಕುತ್ತು ಅನ್ನುವ ಅಂದಾಜು. ನುಂಗುವ ವರ್ಗ 2ಕ್ಕೆ ದೇಹದ ತೂಕದ ಕಿಲೋಗೆ 5 ಮಿಲಿಗ್ರಾಂ. ಚರ್ಮದ ವರ್ಗ 1ಕ್ಕೂ 5 ಮಿಲಿಗ್ರಾಂ. ಸೂತ್ರ ಸುಲಭ. ವಿಷದ ಪದಾರ್ಥ ಒಂದೇ ಇದ್ದು ಉಳಿದದ್ದು ನೀರಾದರೆ, ಆ ಅಂಕಿಯನ್ನು 100ರಿಂದ ಗುಣಿಸಿ, ಶೇಕಡಾವಾರಿನಿಂದ ಭಾಗಿಸಿ. ನಮ್ಮ ಕ್ಯಾನಿನಲ್ಲಿ ಶೇ 10 ಇದೆ. 5 ಗುಣಿಸು 100, ಭಾಗಿಸು 10. ಬರುವುದು 50.

ಇದನ್ನು ಗಡಿಗಳ ಜೊತೆ ಹೋಲಿಸಿ. ಚರ್ಮಕ್ಕೆ 50ರ ತನಕ ವರ್ಗ 1, 200ರ ತನಕ 2, 1,000ದ ತನಕ 3. ನಮ್ಮ ಉತ್ತರ ಸರಿಯಾಗಿ 50. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ನೀರಿದ್ದರೂ ಈ ದ್ರವ ವರ್ಗ 1ರಲ್ಲೇ ಇದೆ! ಶುದ್ಧ ಎಚ್‌ಎಫ್ ಯಾವ ಸಾಲಿನಲ್ಲಿದೆಯೋ ಅದೇ ಸಾಲು. ನುಂಗುವುದಕ್ಕೆ ಗಡಿ 5, 50, 300, 2,000. ಅಲ್ಲಿ 50 ಅಂದರೆ ವರ್ಗ 2. ಉಸಿರಿನ ಲೆಕ್ಕವನ್ನೂ ಹೀಗೇ ಮಾಡಿದರೆ ವರ್ಗ 3 ಬರುತ್ತದೆ.

ಇನ್ನೂ ತೆಳು ಮಾಡಿದರೆ? ಶೇ 5ಕ್ಕೆ ಉತ್ತರ 100, ಚರ್ಮಕ್ಕೆ ವರ್ಗ 2. ಶೇ 2ಕ್ಕೆ 250, ವರ್ಗ 3. ಶೇ ಅರ್ಧಕ್ಕೆ ಇಳಿಸಿದರೂ 1,000, ಅಂದರೆ ಆಗಲೂ ವರ್ಗ 3. ‘ಸ್ವಲ್ಪ ನೀರು ಹಾಕಿದರೆ ಆಯ್ತು’ ಅನ್ನುವ ಮಾತನ್ನು ಕಾರ್ಖಾನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈ ನಾಲ್ಕು ಸಾಲಿನ ಲೆಕ್ಕ ಅವರ ಗೋಡೆ ಮೇಲೆ ಇರಬೇಕು ಅನ್ನಿಸುತ್ತದೆ.

ಹೆಜ್ಜೆ 4: ಚರ್ಮ ಸುಡುವ ಗುಣ

ಇಲ್ಲಿ ಹೆಚ್ಚಿನವರು ಪಿಎಚ್ ಪೇಪರ್ ಅದ್ದಿ ನೋಡುತ್ತಾರೆ. ಎಚ್‌ಎಫ್ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ರಸಾಯನಶಾಸ್ತ್ರದ ಭಾಷೆಯಲ್ಲಿ ಇದು ದುರ್ಬಲ ಆಸಿಡ್. ಅಷ್ಟೇ ಪ್ರಮಾಣದ ಹೈಡ್ರೋಕ್ಲೋರಿಕ್ ಆಸಿಡ್‌ಗಿಂತ ಇದರ ಪಿಎಚ್ ಸೌಮ್ಯವಾಗಿಯೇ ಕಾಣುತ್ತದೆ. ದುರ್ಬಲ ಆಗಿರುವುದರಿಂದಲೇ ಇದು ಹೆಚ್ಚು ಅಪಾಯ. ಪೂರ್ತಿ ಒಡೆಯದ ಎಚ್‌ಎಫ್ ಕಣಗಳು ಚರ್ಮವನ್ನು ದಾಟಿ ಆಳಕ್ಕೆ ಇಳಿಯುತ್ತವೆ. ಅಲ್ಲಿ ಹೋಗಿ ಫ್ಲೋರೈಡ್ ಬಿಡುತ್ತವೆ.

ಆದ್ದರಿಂದ ಪಟ್ಟಿಯಲ್ಲಿ ಎಚ್‌ಎಫ್‌ಗೆ ಪ್ರತ್ಯೇಕ ಗಡಿಗಳಿವೆ. ಶೇ 7 ಮತ್ತು ಮೇಲೆ ಚರ್ಮ ಸುಡುವ ಉಪವರ್ಗ 1ಎ. ಶೇ 1ರಿಂದ 7ರೊಳಗೆ 1ಬಿ. ಶೇ 0.1ರಿಂದ 1ರೊಳಗೆ ಕಣ್ಣಿಗೆ ಉರಿ ತರುವ ವರ್ಗ 2. 1ಎ ಅಂದರೆ ಏನು ಗೊತ್ತಾ? ಮೂರು ನಿಮಿಷದೊಳಗಿನ ಸ್ಪರ್ಶಕ್ಕೇ ಚರ್ಮ ಸರಿಪಡಿಸಲಾಗದಂತೆ ಹಾಳಾಗುವುದು.

ಈಗ ಪಕ್ಕದ ಕ್ಯಾನನ್ನು ನೋಡಿ. ಹೈಡ್ರೋಕ್ಲೋರಿಕ್ ಆಸಿಡ್ ‘ಸುಡುವ’ ಪಟ್ಟಿಗೆ ಏರುವುದು ಶೇ 25ರಲ್ಲಿ. ಶೇ 10ರಲ್ಲಿ ಅದು ಬರೀ ಉರಿ ತರುವ ಪದಾರ್ಥ. ಅದೇ ಶೇ 10ರಲ್ಲಿ ಎಚ್‌ಎಫ್ 1ಎ. ಒಂದೇ ಬಣ್ಣದ ಕ್ಯಾನು, ಒಂದೇ ಶೇಕಡಾ, ಮೇಲೆ ಒಂದೇ ಬರಹ.

ಹೆಜ್ಜೆ 5: ನೋವನ್ನು ನಂಬಬೇಡಿ

ಇದಕ್ಕೆ ಲೆಕ್ಕ ಇಲ್ಲ. ಆದರೆ ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ಶೇ 50ಕ್ಕಿಂತ ಗಟ್ಟಿ ಎಚ್‌ಎಫ್ ತಾಗಿದರೆ ತಕ್ಷಣ ನೋವು. ಶೇ 20ರಿಂದ 50ರದ್ದಾದರೆ ನೋವು ಶುರುವಾಗಲು 1ರಿಂದ 8 ಗಂಟೆ ಬೇಕಾಗಬಹುದು. ಶೇ 20ಕ್ಕಿಂತ ತೆಳುವಾದರೆ 24 ಗಂಟೆಯ ತನಕ ಏನೂ ಗೊತ್ತಾಗದೆ ಇರಬಹುದು. ನಮ್ಮ ಕ್ಯಾನು ಇರುವುದು ಈ ಮೂರನೇ ಗುಂಪಿನಲ್ಲಿ. ಕೈಗೆ ಚೆಲ್ಲಿಕೊಂಡ ಹುಡುಗ ಪ್ಯಾಂಟಿಗೆ ಒರೆಸಿಕೊಂಡು ಶಿಫ್ಟ್ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಮಧ್ಯರಾತ್ರಿ ಬೆರಳು ಮೂಳೆಯ ಒಳಗಿಂದ ಸಿಡಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಫ್ಲೋರೈಡ್ ಅಂಗಾಂಶದ, ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಗಟ್ಟಿ ಎಚ್‌ಎಫ್‌ನಿಂದ ದೇಹದ ಶೇ 2.5ರಷ್ಟು ಚರ್ಮ ಸುಟ್ಟು ಜೀವ ಹೋದದ್ದಿದೆ. ನಮ್ಮ ಒಂದು ಅಂಗೈ, ಬೆರಳು ಸೇರಿ, ದೇಹದ ಸುಮಾರು ಶೇ 1. ಎರಡೂವರೆ ಅಂಗೈ ಜಾಗ ಅಂದರೆ ಎಷ್ಟು ಅಂತ ನೀವೇ ನೋಡಿಕೊಳ್ಳಿ.

ಹಾಗಾಗಿ ಲೇಬಲ್‌ನ ಪ್ರಥಮ ಚಿಕಿತ್ಸೆಯ ಸಾಲು ಬೇರೆ ಆಸಿಡ್‌ಗಳ ನಕಲು ಆಗಬಾರದು. ನೋವಿರಲಿ ಬಿಡಲಿ, ಬಟ್ಟೆ ತೆಗೆದು ಕೂಡಲೇ ನೀರು ಸುರಿಯಬೇಕು. ನಂತರ ಶೇ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು. ಹಚ್ಚುವವರೂ ಗ್ಲೌಸ್ ಹಾಕಿರಬೇಕು. ಆಸ್ಪತ್ರೆಗೆ ಹೋಗುವಾಗ ಶೀಟ್ ಕೈಯಲ್ಲಿರಬೇಕು. ‘ಆಸಿಡ್ ಬಿತ್ತು’ ಅಂದರೆ ಸಾಲದು, ‘ಎಚ್‌ಎಫ್ ಬಿತ್ತು’ ಅಂತಲೇ ಹೇಳಬೇಕು.

ಹೆಜ್ಜೆ 6: ದಿನವೂ ಸ್ವಲ್ಪ ಸ್ವಲ್ಪ

ಪಾವಗಡ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಹೊಸ ಪದ ಅಲ್ಲ. ಬೋರ್‌ವೆಲ್ ನೀರಿನಿಂದ ಹಲ್ಲು ಕಂದಾಗುವುದು, ಮೂಳೆ ಸೆಟೆದುಕೊಳ್ಳುವುದು ಅಲ್ಲಿ ಕಂಡದ್ದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ಮಾನದಂಡ. ಎಚ್‌ಎಫ್ ಹೊಗೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರ ಮೂಳೆಗೂ ಅದೇ ಗತಿ ಬರಬಹುದು. ಪದೇಪದೇ ತಾಗುವುದರಿಂದ ಅಂಗಗಳಿಗೆ ಆಗುವ ಹಾನಿಗೆ ಜಿಎಚ್‌ಎಸ್‌ನಲ್ಲಿ ಬೇರೆ ವರ್ಗ ಇದೆ. ಯುರೋಪಿನ ಪಟ್ಟಿಯಲ್ಲಿ ಎಚ್‌ಎಫ್ ಮುಂದೆ ಅದನ್ನು ಬರೆದಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ ಅಪಾಯವನ್ನು ತಯಾರಕರೇ ಪರಿಶೀಲಿಸಬೇಕು ಅನ್ನುವುದು ಅದೇ ಕಾನೂನಿನ ನಿಯಮ. ನಿಮ್ಮ ಶೀಟಿನಲ್ಲಿ ಈ ಭಾಗ ಖಾಲಿ ಇದ್ದರೆ ಮಾರಿದವರಿಗೆ ಫೋನ್ ಮಾಡಿ ಕೇಳಿ.

ಹೆಜ್ಜೆ 7: ಲೇಬಲ್ ಬರೆಯಿರಿ

ಈಗ ಎಲ್ಲವನ್ನೂ ಕ್ಯಾನಿನ ಮೇಲೆ ಇಳಿಸೋಣ. ಎರಡು ಚಿತ್ರ ಸಾಕು: ತಲೆಬುರುಡೆ, ಮತ್ತು ಕೈ ಹಾಗೂ ಲೋಹದ ಮೇಲೆ ದ್ರವ ಸುರಿಯುವ ಚಿತ್ರ. ಎರಡಕ್ಕೂ ಕೆಂಪು ಅಂಚಿನ ವಜ್ರಾಕಾರದ ಚೌಕಟ್ಟು. ತಲೆಬುರುಡೆ ಇದ್ದಾಗ ಅದೇ ವಿಷಕ್ಕೆ ಆಶ್ಚರ್ಯಸೂಚಕ ಚಿಹ್ನೆ ಬೇಡ. ಬರಹ ಕೆಲಸದವರು ಓದುವ ಭಾಷೆಯಲ್ಲಿರಲಿ. ನಮ್ಮ ಕ್ಯಾನಿಗೆ ಹೀಗೆ:

ಹೈಡ್ರೋಫ್ಲೋರಿಕ್ ಆಸಿಡ್, ಶೇ 10. ಯುಎನ್ 1790.
ಅಪಾಯ.
ಚರ್ಮಕ್ಕೆ ತಾಗಿದರೆ ಪ್ರಾಣ ಹೋಗಬಹುದು (ಎಚ್310). ನುಂಗಿದರೆ ಪ್ರಾಣ ಹೋಗಬಹುದು (ಎಚ್300). ಉಸಿರಾಡಿದರೆ ವಿಷ (ಎಚ್331). ಚರ್ಮವನ್ನು ತೀವ್ರವಾಗಿ ಸುಡುತ್ತದೆ, ಕಣ್ಣಿಗೆ ಹಾನಿ (ಎಚ್314). ಲೋಹವನ್ನು ತಿನ್ನಬಹುದು (ಎಚ್290).
ತಾಗಿದರೆ ನೋವಿಲ್ಲದಿದ್ದರೂ ತಕ್ಷಣ ತೊಳೆಯಿರಿ, ಜೆಲ್ ಹಚ್ಚಿ, ಆಸ್ಪತ್ರೆಗೆ ಹೋಗಿ.
ಗಾಜಿನಲ್ಲಿ, ಲೋಹದ ಡಬ್ಬಿಯಲ್ಲಿ ಇಡಬೇಡಿ.

ಕೊನೆಯ ಎರಡು ಸಾಲು ಜಿಎಚ್‌ಎಸ್‌ನ ಪದಗಳಲ್ಲ, ನಾನು ಸೇರಿಸಿದ್ದು. ಆಸಿಡ್ ತಾಗಿದರೂ ಅಳಿಸದ ಹಾಗೆ ಲೇಬಲ್‌ಗೆ ಲ್ಯಾಮಿನೇಷನ್ ಮಾಡಿಸಿ. ಜೆಲ್ ಟ್ಯೂಬನ್ನು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಕ್ಯಾನಿನ ಹತ್ತಿರ, ನಲ್ಲಿಯ ಪಕ್ಕ, ಎಲ್ಲರ ಕೈಗೆ ಸಿಗುವ ಎತ್ತರದಲ್ಲಿ ಇಡಿ. ಅದರ ಎಕ್ಸ್‌ಪೈರಿ ತಾರೀಖನ್ನು ಇವತ್ತೇ ಒಮ್ಮೆ ನೋಡಿಬಿಡಿ.